ನಾಪಾಸು ಎನ್ನಲು ಕಲಿತ ಸೊಸೆ

ನಮ್ಮ ಸೊಸೆ ನಮ್ಮ ಮನೆಯ ಗೇಟನ್ನು ನಾಪಾಸು ಮಾಡಿದಳು.

ಹೌದು, ಇದನ್ನು ಓದುತ್ತಿರುವ ಮೊಮ್ಮಕ್ಕಳೇ, ಗೇಟನ್ನೇ. ಕೈಯಲ್ಲಿ ಟಾರ್ಚು, ಕಣ್ಣಿಗೆ ಭೂತಗನ್ನಡಿ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆಳಬೆಳಿಗ್ಗೆ ಗೇಟಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಎಮ್ಮೆ ಹೊಡೆದುಕೊಂಡು ಹೊರಟಿದ್ದವರೊಬ್ಬರು ನಿಂತು ಕೇಳಿದರು: "ಏನ್ ಕಳದೈತ್ರಿ ಬಾಯಾರ?"

"ಏನೂ ಕಳದಿಲ್ರಿ. ಇಲ್ಲಿ ಅಂಡರ್‌ಕಟ್ ಐತಿ" ಎಂದಳು ಸುಜಾತಾ.

ಅವರು ಎಮ್ಮೆಯನ್ನು ತುಸು ಜೋರಾಗಿಯೇ ಹೊಡೆದುಕೊಂಡು ಹೋದರು.

(ಬೆಸುಗೆಯ ಪಕ್ಕದ ಕಬ್ಬಿಣ ಕರಗಿ, ಗೆರೆ ಎಳೆದ ಹಾಗೆ ತಗ್ಗು ಬಿದ್ದಿದ್ದರೆ ಅದಕ್ಕೆ ಅಂಡರ್‌ಕಟ್ ಅನ್ನುತ್ತಾರಂತೆ. ನನಗೂ ಈಚೆಗೇ ಗೊತ್ತಾಗಿದ್ದು.)

ಆ ಗೇಟು ಮಾಡಿದವನು ನನ್ನ ಮೈದುನ ಭೀಮಪ್ಪ. ಚಿಂಚಲಿ ರಸ್ತೆಯಲ್ಲಿ ಅವನ ವೆಲ್ಡಿಂಗ್ ಅಂಗಡಿ. ಕಬ್ಬಿನ ಟ್ರಾಲಿ ಮಾಡುವುದರಲ್ಲಿ ಎತ್ತಿದ ಕೈ. ಅವನಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು ಬೇಕು? ಚಹಾದ ಹೊತ್ತಿಗೆ ಬಂದೇ ಬಿಟ್ಟ.

"ಏನ್ ವೈನಿ, ನಿಮ್ಮ ಸೊಸಿ ನನ್ನ ಗೇಟ ನಾಪಾಸ್ ಮಾಡ್ಯಾಳಂತ? ಅಣ್ಣ ಇದ್ದಾಗಿಂದ ನಿಂತೈತಿ ಅದು. ಯಾವತ್ತರ ಬಿದ್ದೈತೇನು?"

ನಾನು ಏನು ಹೇಳಿದೆ? ಯಾವಾಗಲೂ ಹೇಳುವುದನ್ನೇ. "ಇರ್ಲಿ ಬಿಡು ಭೀಮಪ್ಪಾ."

ಮಾತು ಬಾರದವಳಿಗೆ ಇದಕ್ಕಿಂತ ಅನುಕೂಲದ ಮಾತು ಇನ್ನೊಂದಿಲ್ಲ. (ಎದುರಿಗೆ ಜನ ಕೂತರೆ ನನ್ನ ಬಾಯಿ ಕಟ್ಟುತ್ತದೆ, ಕಾಗದ ಕಂಡರೆ ಬಿಚ್ಚುತ್ತದೆ. ಅದು ನಿಮಗೆ ಗೊತ್ತೇ ಇದೆ.) ಆದರೆ ಇದೇ "ಇರ್ಲಿ ಬಿಡು" ಹೋದ ಸಲ ಸುಜಾತಾಳನ್ನು ಪರೀಕ್ಷೆಯಲ್ಲಿ ಕೆಡವಿತ್ತು.

ವಿಷಯ ಏನೆಂದರೆ, ಸುಜಾತಾ ಮೆಕ್ಯಾನಿಕಲ್ ಡಿಪ್ಲೊಮಾ ಓದಿದವಳು. ಇಲ್ಲೇ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಕೆಲಸವೆಂದರೆ ಏನು? ಟೇಬಲ್ಲಿನ ಹಿಂದೆ ಕೂತು ಗೇಟ್‌ಪಾಸ್ ಬರೆಯುವುದು. ಕಬ್ಬು ನುರಿಸುವ ಹಂಗಾಮು ಮುಗಿದ ಮೇಲೆ ಬಾಯ್ಲರು, ಪೈಪು ಎಲ್ಲ ಬಿಚ್ಚಿ ರಿಪೇರಿ ಮಾಡುತ್ತಾರಲ್ಲ, ಆಗ ಹೊಸದಾಗಿ ಹಾಕಿದ ಒಂದೊಂದು ಬೆಸುಗೆಯನ್ನೂ ನೋಡಿ "ಇದು ಪಾಸು, ಇದು ನಾಪಾಸು" ಎಂದು ಹೇಳುವವರೊಬ್ಬರು ಬೇಕು. ಅವರೇ ಇನ್‌ಸ್ಪೆಕ್ಟರು. ಅದಕ್ಕೊಂದು ಸರ್ಟಿಫಿಕೇಟ್ ಪರೀಕ್ಷೆ, ಪುಣೆಯಲ್ಲಿ. ಈ ಹಂಗಾಮು ಮುಗಿಯುವುದರೊಳಗೆ ಪಾಸಾದರೆ ಆ ಕೆಲಸ ಸುಜಾತಾಳಿಗೆ. ಆಗದಿದ್ದರೆ ಹೊರಗಿನವರು ಬರುತ್ತಾರೆ, ಇವಳು ಗೇಟ್‌ಪಾಸ್ ಬರೆಯುತ್ತಲೇ ಇರಬೇಕು.

ಹೋದ ಸಲ ಬರೆಯುವ ಪರೀಕ್ಷೆ ಸರಾಗವಾಗಿ ಆಯಿತು. ಬಿದ್ದದ್ದು ಪ್ರಾಕ್ಟಿಕಲ್ಲಿನಲ್ಲಿ. ಬಿಳಿ ಕೂದಲಿನ ಪರೀಕ್ಷಕರು ಬೆಸುಗೆ ಹಾಕಿದ ಒಂದು ಪ್ಲೇಟನ್ನು ಮುಂದಿಟ್ಟು, ನಗುತ್ತಾ "ಅಚ್ಛಾ ಹೈ ನಾ?" ಎಂದರಂತೆ. ಇವಳಿಗೆ ಕೂದಲೆಳೆಯಷ್ಟು ಸಣ್ಣ ಬಿರುಕು ಕಂಡಿತ್ತು. ಕಂಡೂ ತಲೆ ಆಡಿಸಿದಳು!

"ಯಾಕ ಆಡಿಸಿದಿ ಸುಜಾತಾ?" ಎಂದು ಆಗಲೇ ಕೇಳಿದ್ದೆ.

"ಹಿರ್ಯಾರು ಚಲೋ ಐತಿ ಅಂದ್ರು. ಅಲ್ಲ ಅಂತ ಹೆಂಗ ಹೇಳ್ಲಿ ಅತ್ತಿ? ತಲಿ ತಾನ ಆಡ್ತು."

ತಲೆ ತಾನೇ ಆಡುತ್ತದೆ. ನನಗೆ ಇದು ಎಷ್ಟು ಚೆನ್ನಾಗಿ ಗೊತ್ತು! ನಮ್ಮ ಕಡೆ ಹೆಣ್ಣುಮಕ್ಕಳಿಗೆ ಮೊದಲು ಕಲಿಸುವುದೇ ಅದನ್ನು. ಸಾರಿಗೆ ಉಪ್ಪು ಹೆಚ್ಚಾಯಿತೇ? ಇರ್ಲಿ ಬಿಡ್ರಿ. ತವರಿನವರು ಕೊಟ್ಟ ಸೀರೆಯ ಬಣ್ಣ ಹಿಡಿಸಲಿಲ್ಲವೇ? ಇರ್ಲಿ ಬಿಡ್ರಿ. ಬಸ್ಸಿನಲ್ಲಿ ಯಾರೋ ಕಾಲು ತುಳಿದರೇ? ಇರ್ಲಿ ಬಿಡ್ರಿ. ನಿಪ್ಪಾಣಿ ಕಡೆಯ ಮರಾಠಿ ಹೆಂಗಸರಿಗೆ ಹೋಲಿಸಿದರೆ ನಾವು ವಾಸಿ ಎಂದುಕೊಂಡಿದ್ದೆ. ಅವರೂ "ಅಸೂ ದೇ" ಅನ್ನುತ್ತಾರೆ. ಭಾಷೆ ಎರಡು, ತಲೆ ಆಡಿಸುವುದು ಒಂದೇ.

ಇಂಥವಳು ಇನ್‌ಸ್ಪೆಕ್ಟರ್ ಆಗುವುದು ಹೇಗೆ? ಆ ಕೆಲಸದಲ್ಲಿ ಇರುವುದು ಎರಡೇ ಮಾತು. ಪಾಸು, ನಾಪಾಸು. "ಇರ್ಲಿ ಬಿಡ್ರಿ" ಎಂಬ ಮೂರನೆಯದು ಇಲ್ಲ.

ನಾನು ಸಮಾಧಾನಕ್ಕೆಂದು ರೊಟ್ಟಿಯ ಉದಾಹರಣೆ ಕೊಡಲು ಹೋದೆ. ರೊಟ್ಟಿಯ ಅಂಚು ಸ್ವಲ್ಪ ಒಡೆದಿದ್ದರೆ ನಾವೇನು ಎಸೆಯುತ್ತೇವೆಯೇ?

"ಒಡದ ರೊಟ್ಟಿ ಹಾಲಿಗೆ ಹಾಕಿ ತಿಂತೀವಿ ಅತ್ತಿ. ಬಾಯ್ಲರ್ ಒಡದ್ರ? ಅದರ ಮುಂದ ಮಂದಿ ನಿಂತಿರ್ತಾರ" ಎಂದಳು.

ಆವತ್ತೇ ನಿಶ್ಚಯವಾಯಿತು: ಈ ಸಲ ಓದುವುದರ ಜೊತೆಗೆ ನಾಪಾಸು ಮಾಡುವುದನ್ನೂ ಕಲಿಯಬೇಕು.

ಗೇಟು ಅದರ ಮೊದಲ ಬಲಿ.

ಗೇಟಿನ ಜಗಳ ಆರುವ ಮೊದಲೇ ಸುಜಾತಾ ಭೀಮಪ್ಪನ ಅಂಗಡಿಗೆ ಹೋದಳು. ನಾನೂ ಹಿಂದೆ ಹೋದೆ. "ಮಾವಾರ, ನನಗ ಸ್ವಲ್ಪ ಕೆಟ್ಟ ವೆಲ್ಡಿಂಗ್ ಮಾಡಿಕೊಡ್ರಿ. ನೋಡಿ ಕಲೀಬೇಕು."

ಭೀಮಪ್ಪ ಕಣ್ಣಿನ ಕಪ್ಪು ಕನ್ನಡಕ ತೆಗೆದು ದಿಟ್ಟಿಸಿದ. "ಮಂದಿ ಚಲೋ ಮಾಡಿಕೊಡು ಅಂತ ಬರ್ತಾರ. ನೀ ಕೆಟ್ಟ ಮಾಡಿಕೊಡು ಅಂತ ಬಂದಿ! ನನ್ನ ಅಂಗಡಿ ಹೆಸರ ಏನಾಗಬೇಕವಾ?"

ಬೈಯುತ್ತಲೇ ಮಾಡಿಕೊಟ್ಟ. ಒಂದರಲ್ಲಿ ಗಾಳಿಯ ಗುಳ್ಳೆ, ಒಂದರಲ್ಲಿ ಅಂಡರ್‌ಕಟ್, ಒಂದರಲ್ಲಿ ಬಿರುಕು. ಮಾಡುತ್ತ ಮಾಡುತ್ತ ಅವನಿಗೇ ಹುರುಪು ಬಂತು. "ಬೇಕಂತ ಕೆಡಸೂದು ಎಷ್ಟ ಕಷ್ಟ ಐತಿ ಗೊತ್ತೇನ್ರಿ ವೈನಿ? ಕೈ ತಾನ ಚಲೋ ಮಾಡಾಕ ಹೋಗತೈತಿ!" ಎಂದು ನನ್ನ ಮುಂದೆ ಗೋಳಾಡಿದ.

ಇನ್ನು ಪರೀಕ್ಷಕರು ಬೇಕಲ್ಲ? ಆ ಕೆಲಸ ಯಾರಿಗೆ ಬಂತು ಎಂದು ಊಹಿಸಿ. ನನಗೆ! ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಗೆ ನಿಂತವಳು ನಾನು. ಇಂಗ್ಲಿಷಿನ ಪ್ರಶ್ನೆಗಳನ್ನು ಮೊಮ್ಮಗಳು ಅಕ್ಷತಾ ಓದುತ್ತಿದ್ದಳು. ನನ್ನ ಪಾಲಿನದು ಒಂದೇ ಕೆಲಸ. ಪ್ಲೇಟು ಮುಂದಿಟ್ಟು, ಬಿಳಿ ಕೂದಲಿನವರ ಹಾಗೆ ನಗುತ್ತಾ, ಸುಜಾತಾಳ ತಲೆ ಆಡುವಂತೆ ಮಾಡುವುದು.

"ಚಲೋ ಐತಲ್ಲವಾ ಸುಜಾತಾ?"

"ಹೂಂ... ಅಲ್ರಿ ಅತ್ತಿ... ಸ್ವಲ್ಪ ಗುಳ್ಳಿ..."

"ಸ್ವಲ್ಪ ಅಂದ್ರ? ಪಾಸೋ ನಾಪಾಸೋ?"

"ನಾಪಾಸು" ಎಂದಳು, ಇರುವೆಗೂ ಕೇಳಿಸದಷ್ಟು ಮೆತ್ತಗೆ.

"ಅವ್ವಾ, ಕೇಳ್ಲಿಲ್ಲ!" ಎಂದು ಅಕ್ಷತಾ ಕೂಗಿದಳು. (ತಾಯಿಯನ್ನು ಗದರಿಸುವ ಅವಕಾಶ ಮಕ್ಕಳಿಗೆ ದಿನಾ ಸಿಗುತ್ತದೆಯೇ?)

ದಿನಾ ಸಂಜೆ ದನಗಳಿಗೆ ಮೇವು ಹಾಕಿದ ಮೇಲೆ ಕಟ್ಟೆಯ ಮೇಲೆ ಇದೇ ನಡೆಯಿತು. ಕ್ರಮೇಣ ನನಗೂ ಒಂದಿಷ್ಟು ತಿಳಿಯತೊಡಗಿತು. ಗುಳ್ಳೆ, ಅಂಡರ್‌ಕಟ್ಟುಗಳಿಗೆ ಇಷ್ಟರವರೆಗೆ ಇದ್ದರೆ ನಡೆಯುತ್ತದೆ ಎಂಬ ಅಳತೆ ಇರುತ್ತದೆ. ಬಿರುಕಿಗೆ ಮಾತ್ರ ರಿಯಾಯಿತಿ ಇಲ್ಲ. ಕೂದಲಷ್ಟೇ ಇದ್ದರೂ ನಾಪಾಸು. ಯಾಕೆ? ಅದು ಇದ್ದಷ್ಟೇ ಇರುವುದಿಲ್ಲ, ಬೆಳೆಯುತ್ತದೆ.

ಪರೀಕ್ಷೆ ಹತ್ತಿರ ಬಂದಾಗ ಭೀಮಪ್ಪ ಒಂದು ಪ್ಲೇಟು ತಂದ. ಮೀನಿನ ಹುರುಪೆ ಜೋಡಿಸಿದ ಹಾಗೆ ಬೆಸುಗೆ, ಕಣ್ಣು ಕೀಳಲು ಆಗದಷ್ಟು ಚೆಂದ.

"ನೋಡವಾ, ನನ್ನ ಜನ್ಮದಾಗ ಹಿಂಥಾದ್ದು ಮಾಡಿಲ್ಲ. ಇದನ್ನೂ ನಾಪಾಸ್ ಮಾಡ್ತಿಯೇನು?"

ಸುಜಾತಾ ಟಾರ್ಚನ್ನು ಅಡ್ಡ ಹಿಡಿದು ನೋಡಿದಳು. ಬಹಳ ಹೊತ್ತು ನೋಡಿದಳು. ತಲೆಯ ಮೇಲೆ ಸೆರಗು ಸರಿಮಾಡಿಕೊಂಡಳು. (ಆಯಿತು, ತಲೆ ಆಡಿಸಿದಳು ಎಂದುಕೊಂಡೆ.)

"ಮಾವಾರ, ಭಾಳ ಚಂದ ಐತ್ರಿ. ಕಡೀ ತುದೀಗೆ ಬಿರುಕ ಐತಿ. ನಾಪಾಸ್ರಿ."

ಭೀಮಪ್ಪ ಎದ್ದು ನಿಂತ.

"ಹೊಡಿ!" ಎಂದು ತೊಡೆ ತಟ್ಟಿದ. "ಬೇಕಂತ ಇಟ್ಟಿದ್ದೆ. ಸಿಗಾಕಿಲ್ಲ ಅನ್ಕೊಂಡಿದ್ದೆ. ಹೋಗು, ಈಗ ಪುಣೆಗೆ ಹೋಗು!"

ರಾಯಬಾಗದಲ್ಲಿ ರೈಲು ಹತ್ತಿಸಿ ಬಂದೆವು. ಅಲ್ಲಿಯ ಕಥೆಯನ್ನು ಅವಳೇ ಬಂದು ಹೇಳಿದಳು. ಪರೀಕ್ಷಕರು ಅವರೇ. ನಗುವೂ ಅದೇ. ಪ್ಲೇಟು ಮುಂದಿಟ್ಟು ಅದೇ "ಅಚ್ಛಾ ಹೈ ನಾ?"

"ಆಗ ನನಗ ಅವರ ಮಾರಿ ಕಾಣಲಿಲ್ಲ ಅತ್ತಿ. ನಿಮ್ಮ ಮಾರಿ ಕಂಡ್ತು. ನಹೀ ಸರ್, ರಿಜೆಕ್ಟ್ ಅಂದೆ. ಕೋಣ್ಯಾಗಿನ ಮಂದಿ ಎಲ್ಲಾ ತಿರಗಿ ನೋಡಿದ್ರು, ಅಷ್ಟ ಜೋರ ಅಂದಿದ್ದೆ!"

ಪರೀಕ್ಷಕರು ಮುಂದಿನ ಪ್ಲೇಟು ಇಟ್ಟರಂತೆ.

ಪಾಸಾದಳು ಮೊಮ್ಮಕ್ಕಳೇ! ಫೋನಿನಲ್ಲಿ ರಿಸಲ್ಟು ಬಂದಾಗ ಅಕ್ಷತಾ ಓದಿ ಹಾಕಿದ ಕೂಗಿಗೆ ಎಮ್ಮೆ ಹಗ್ಗ ಕಿತ್ತುಕೊಂಡಿತು. ನನ್ನ ಮಗ ಎಮ್ಮೆಯ ಹಿಂದೆ ಓಡುತ್ತಲೇ ನಗುತ್ತಿದ್ದ. ಈ ಹಂಗಾಮು ಮುಗಿದ ಮೇಲೆ ಬಾಯ್ಲರಿನ ಬೆಸುಗೆಗಳನ್ನು ನೋಡುವವಳು ನಮ್ಮ ಸುಜಾತಾ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಶುಕ್ರವಾರ ಓಣಿಯ ಹೆಣ್ಣುಮಕ್ಕಳು ಅವಳಿಗೆ ಉಡಿ ತುಂಬಲು ಸೇರಿದರು. ಜುಗೂಳದಿಂದ ನನ್ನ ನಾದಿನಿ ಗಂಗವ್ವ ಖಣ, ತೆಂಗಿನಕಾಯಿ ಹಿಡಿದುಕೊಂಡು ಬಂದಿದ್ದಳು. ಸುಜಾತಾಳನ್ನು ಮಣೆಯ ಮೇಲೆ ಕೂರಿಸಿದರು. ಉಡಿ ತುಂಬುವವರು ಮುತ್ತೈದೆಯರು. ಗಂಡ ಇಲ್ಲದವರು ಆ ಹೊತ್ತಿಗೆ ಎದುರಿಗೆ ಇರುವುದಿಲ್ಲ. ನನಗೆ ಯಾರೂ ಹೇಳಬೇಕಾಗಿಲ್ಲ. ಇವರು ಹೋದಂದಿನಿಂದ ಅಂಥ ಹೊತ್ತಿಗೆ ನನ್ನ ಕಾಲುಗಳು ತಾವೇ ಅಡುಗೆಮನೆಗೆ ಹೋಗುತ್ತವೆ. ಆವತ್ತೂ ಎದ್ದೆ.

"ಅತ್ತಿ, ಎಲ್ಲಿ ಹೊಂಟ್ರಿ? ನನ್ನ ಪರೀಕ್ಷಾ ತಗೊಂಡವರು ನೀವು. ಮದಲ ನೀವ ತುಂಬ್ರಿ" ಎಂದಳು ಸುಜಾತಾ.

ಗಂಗವ್ವ ಕೆಟ್ಟವಳಲ್ಲ. ನಗುತ್ತಲೇ ಹೇಳಿದಳು: "ಹಂಗ ನಡಿಯೂದಿಲ್ಲ ಸುಜಾತಾ. ಮದ್ಲಿಂದ ಬಂದ ಪದ್ಧತಿ ಚಲೋನ ಐತಿ. ವೈನಿಗೂ ಅದ ಬೇಕಾಗೈತಿ. ಹೌದಲ್ರಿ ವೈನಿ?"

ಅದೇ ನಗು! ಅದೇ ಪ್ರಶ್ನೆ! ನಾನು ಕಟ್ಟೆಯ ಮೇಲೆ ಕೂತು ದಿನಾ ಕೇಳುತ್ತಿದ್ದ ಪ್ರಶ್ನೆ. "ಇರ್ಲಿ ಬಿಡು" ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ತಲೆ ಆಡಲು ಶುರುವಾಗಿತ್ತು. ಸುಜಾತಾ ಮಾತ್ರ ನನ್ನನ್ನೇ ನೋಡುತ್ತಿದ್ದಳು.

"ನಾಪಾಸು" ಎಂದೆ.

"ಏನಂದ್ರಿ ವೈನಿ?"

"ಅಜ್ಜಿ, ಕೇಳ್ಲಿಲ್ಲ!" ಎಂದು ಅಕ್ಷತಾ ಕೂಗಿದಳು.

"ಈ ಪದ್ಧತಿ ನಾಪಾಸು ಗಂಗವ್ವಾ." ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

ಪಡಸಾಲೆಯಲ್ಲಿ ಗಂಡಸರ ನಡುವೆ ಕೂತಿದ್ದ ಭೀಮಪ್ಪ ಅಲ್ಲಿಂದಲೇ ಕೂಗಿದ: "ವೈನಿ, ಕಾರಣ ಹೇಳ್ರಿ! ಕಾರಣ ಹೇಳದಿದ್ರ ಮಾರ್ಕ್ಸ್ ಇಲ್ಲ!"

"ಬಿರುಕ ಐತಿ ಭೀಮಪ್ಪಾ. ಬಿರುಕಿಗೆ ರಿಯಾಯಿತಿ ಇಲ್ಲ."

ಮೊದಲು ನಕ್ಕವಳು ಯಾರು ಗೊತ್ತೇ? ಗಂಗವ್ವ. ನಕ್ಕು, ಕಣ್ಣೊರೆಸಿಕೊಂಡು, ಅಕ್ಕಿಯ ಮೊರವನ್ನು ತಾನೇ ಎತ್ತಿ ನನ್ನ ಮುಂದೆ ಹಿಡಿದಳು. "ತಗೋರಿ ಇನ್‌ಸ್ಪೆಕ್ಟರ್ ಬಾಯಾರ!"

ಸುಜಾತಾ ಸೆರಗು ಒಡ್ಡಿದಳು. ಎರಡೂ ಕೈ ತುಂಬ ಅಕ್ಕಿ ಹಾಕಿದೆ. ಒಂದಿಷ್ಟು ಚೆಲ್ಲಿತು. ಯಾರೂ ನಾಪಾಸು ಮಾಡಲಿಲ್ಲ.

ಮರುದಿನ ಭೀಮಪ್ಪ ಬಂದು ಗೇಟಿನ ಬೆಸುಗೆ ಕಿತ್ತು ಹೊಸದಾಗಿ ಹಾಕಿಕೊಟ್ಟ. ಸುಜಾತಾ ಟಾರ್ಚು ಹಿಡಿದು ನೋಡಿ, ಪಾಸು ಎಂದಳು. ಅವನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ.

ಈಗ ನೀವು ಹೇಳಿ ಮೊಮ್ಮಕ್ಕಳೇ, ನಿಮ್ಮ ಮನೆಯಲ್ಲಿ "ಇರ್ಲಿ ಬಿಡು" ಎಂಬ ಒಂದೇ ಮಾತಿನ ಮೇಲೆ ಇಷ್ಟು ವರ್ಷ ಪಾಸಾಗುತ್ತ ಬಂದಿರುವುದು ಯಾವುದು?