ನಾಲ್ಕನೆಯ ಶಾವಿಗೆ ಮಣೆ

ಗುತ್ತಲದ ಹಾಲೇಶಪ್ಪ ಬಡಿಗೇರ ನಮ್ಮ ಮನೆಯಿಂದ ಮೂರನೆಯ ಮನೆಯವರು. ವಯಸ್ಸು ಎಪ್ಪತ್ತೊಂದು. ಮೊದಲು ಕೂರಿಗೆ, ಕುಂಟೆ, ಚಕ್ಕಡಿ ಮಾಡುತ್ತಿದ್ದರು. ಟ್ರ್ಯಾಕ್ಟರ್ ಬಂದ ಮೇಲೆ ಆ ಕೆಲಸ ಹೋಯಿತು, ಶಾವಿಗೆ ಮಣೆಯೊಂದು ಉಳಿಯಿತು.

ಅದು ಏಳು ಗೇಣು ಉದ್ದದ ಹಲಗೆ. ಒಂದು ತುದಿಯನ್ನು ಹಗ್ಗದ ಮಂಚ, ಅಂದರೆ ಹೊರಸಿನ ಮೇಲಿಟ್ಟು, ಹೆಣ್ಣುಮಗಳು ಅದರ ಮೇಲೆ ಕುಳಿತು, ಮುಂದಿರುವ ಸಣ್ಣ ಗೀರುಗಳ ಮೇಲೆ ಹಿಟ್ಟನ್ನು ಅಂಗೈಯಿಂದ ಹೊಸೆಯುತ್ತಾಳೆ. ಹಿಟ್ಟು ಎಳೆಯಾಗಿ ಇಳಿಯುತ್ತದೆ. ಕೆಳಗೆ ಕುಳಿತವಳು ಎಳೆಯನ್ನು ಹಿಡಿದು ಕೋಲಿಗೆ ಹಾಕುತ್ತಾಳೆ. ಗೀರು ಎಷ್ಟು ಸಣ್ಣದಿದ್ದರೂ ಕಟ್ಟಿಗೆ ಒಪ್ಪದಿದ್ದರೆ ಎಳೆ ಬರುವುದಿಲ್ಲ.

ಹಾಲೇಶಪ್ಪನವರು ಕಟ್ಟಿಗೆ ಆರಿಸುವುದನ್ನು ನೋಡಲು ಪುರುಸೊತ್ತು ಬೇಕು. ರಾಣೆಬೆನ್ನೂರಿನ ಮಿಲ್ಲಿಗೆ ಹೋಗಿ ಒಂದೊಂದು ಹಲಗೆಯನ್ನೂ ಬೆರಳಿನಿಂದ ಬಡಿದು ಕಿವಿ ಹಚ್ಚುತ್ತಾರೆ, ಮೂಸುತ್ತಾರೆ, ಒದ್ದೆ ಅರಿವೆಯಿಂದ ಒರೆಸಿ ಗೆರೆ ನೋಡುತ್ತಾರೆ. ಬಯಲಲ್ಲಿ ಬೆಳೆದ ಸಾಗವಾನಿಯ ಗೆರೆ ಬೇರೆ, ಹೊಳೆದಂಡೆಯದು ಬೇರೆ.

“ಏನ್ರಿ, ಹೆಣ್ಣು ನೋಡಾಕ ಬಂದೀರೇನು?” ಎಂದು ಮಿಲ್ಲಿನವರು ಕೆಣಕುತ್ತಾರೆ.

“ಹೆಣ್ಣಾಗಿದ್ರ ಚಾ ಕುಡುದು ಎದ್ದ ಹೋಗ್ತಿದ್ದೆ. ಇದನ್ನ ನಾನs ಬಾಳೇ ಮಾಡಿಸಬೇಕು” ಎನ್ನುತ್ತಾರೆ ಇವರು.

ಸಂಕ್ರಾಂತಿ ಮುಗಿದ ವಾರ ಬ್ಯಾಡಗಿಯಿಂದ ಮಹಮೂದಾಬೇಗಂ ಬಂದಳು. ಅಲ್ಲಿ ಹೆಣ್ಣುಮಕ್ಕಳ ಸಂಘ ಮಾಡಿಕೊಂಡು ಕೈಶಾವಿಗೆ ಮಾರುವವಳು. ಸಂಘದವರಿಗೆಲ್ಲ ಶಾವಿಗೆ ಹೊಸೆಯುವುದನ್ನು ನಾನೇ ಕಲಿಸಿದ್ದರಿಂದ ಅವಳನ್ನು ಹಾಲೇಶಪ್ಪನವರಲ್ಲಿಗೆ ಕರೆದುಕೊಂಡು ಹೋದೆ.

“ನಾಲ್ಕು ಮಣಿ ಬೇಕ್ರಿ ಕಾಕಾ. ನಾಲ್ಕೂ ಒಂದs ನಮೂನಿ ಇರಬೇಕು. ಎಳಿ ಒಂದು ಸಣ್ಣ, ಒಂದು ದಪ್ಪ ಆದ್ರ ಗಿರಾಕಿ ಮಾರಿ ತಿರುವತಾರ.”

“ಒಂದ ಮರದಾಗ ನಾಲ್ಕೂ ತಗೀತೇನಿ. ಮಣಿ ತಪ್ಪಿಲೆ ಎಳಿ ಹರದ್ರ ಅವತ್ತ ಉಳಿ ಕೆಳಗ ಇಡ್ತೇನಿ, ಹೋಗು.”

ಮಗ ದುರ್ಗೇಶ ಬಾಗಿಲಲ್ಲೇ ನಿಂತಿದ್ದ. ಹಾವೇರಿಯಲ್ಲಿ ರೆಡಿಮೇಡ್ ಬಾಗಿಲು ಕೂಡಿಸುವ ಕೆಲಸ ಅವನದು. ಅಪ್ಪನ ಕಣ್ಣಿನ ಆಪರೇಷನ್ ಆದಾಗಿನಿಂದ ಸಾಕು ಮಾಡೆಂದು ನಾಲ್ಕು ವರ್ಷದಿಂದ ಹೇಳುತ್ತಿದ್ದಾನೆ. “ಭಾಳ ಚಲೋ ಆತು. ನಾ ಹೇಳಿದ್ರ ಕೇಳಲಿಲ್ಲ, ಶಾವಿಗೀನ ಹೇಳಲಿ” ಎಂದು ನಕ್ಕ. ಹಾಲೇಶಪ್ಪನವರು ನಗಲಿಲ್ಲ. ಆಡಿದ ಮಾತನ್ನು ಅವರು ಹಿಂದೆ ತೆಗೆದುಕೊಂಡದ್ದನ್ನು ನಾನು ನೋಡಿಲ್ಲ.

ಇಪ್ಪತ್ತಾರು ದಿನ ಹಿಡಿಯಿತು. ಮಣೆಗಳನ್ನು ಟೆಂಪೊದಲ್ಲಿ ಹಾಕಿಕೊಂಡು ಹಾಲೇಶಪ್ಪನವರು, ದುರ್ಗೇಶ, ನಾನು ಮೂವರೂ ಹಾವೇರಿ ಮೇಲೆ ಬ್ಯಾಡಗಿಗೆ ಹೋದೆವು. ಮಹಮೂದಾಬೇಗಂಳ ಪಡಸಾಲೆಯಲ್ಲಿ ನಾಲ್ಕು ಹೊರಸು, ನಾಲ್ಕು ಮಣೆ ಸಾಲಾಗಿ ಕೂತವು. ಓಣಿಯ ಮೆಣಸಿನಕಾಯಿ ಘಾಟಿಗೆ ದುರ್ಗೇಶ ಏಳು ಸಲ ಸೀನಿದ.

ಮೊದಲ ಮೂರು ಮಣೆಗಳ ಮೇಲೆ ಎಳೆ ಎರಡು ಮೊಳ ಇಳಿದರೂ ಹರಿಯಲಿಲ್ಲ. ನಾಲ್ಕನೆಯದರ ಮೇಲೆ ಹೀನಾ ಕುಳಿತಿದ್ದಳು, ಸಂಘದಲ್ಲೇ ಚುರುಕಿನ ಕೈ ಅವಳದು. ಎಳೆ ನಾಲ್ಕು ಬೆರಳಿಗೆ ತುಂಡಾಯಿತು. ಹಿಟ್ಟು ಬದಲಿಸಿದೆವು. ಮತ್ತೆ ತುಂಡು. ಉಳಿದ ಮೂವರನ್ನೂ ಒಬ್ಬೊಬ್ಬರಾಗಿ ಕೂರಿಸಿದೆವು, ಆಮೇಲೆ ನಾನೂ ಕುಳಿತೆ. ನನ್ನ ಕೈಗೆ ಐದು ಬೆರಳು ಬಂತು, ಅಷ್ಟೇ.

ಹಾಲೇಶಪ್ಪನವರು ಒದ್ದೆ ಅರಿವೆಯಿಂದ ಮಣೆಯನ್ನು ಒರೆಸಿ, ಕೆನ್ನೆ ಹಚ್ಚುವಷ್ಟು ಬಾಗಿ ನೋಡಿದರು. ಮೂರು ಹಲಗೆಗಳಲ್ಲಿ ಕಟ್ಟಿಗೆಯ ಗೆರೆ ಬಲಕ್ಕೆ ಒರಗಿತ್ತು, ಇದರಲ್ಲಿ ಎಡಕ್ಕೆ. “ಮರ ಮ್ಯಾಲ ಹೋಗಿ ಹೊಳ್ಳೇತಿ. ಇದು ಆ ಹೊಳ್ಳಿದ ಜಾಗಾದ ಹಲಗಿ. ಕೈ ಹ್ವಾದಂಗೆಲ್ಲಾ ಬೆಕ್ಕಿನ ಮೈಯನ್ನ ಉಲ್ಟಾ ಸವರಿದಂಗ ಆಗಾಕತ್ತೇತಿ. ನಾ ನೋಡಬೇಕಾಗಿತ್ತು.”

ಚೀಲದಿಂದ ಉಳಿ ತೆಗೆದು ಮಗನ ಕಡೆ ಚಾಚಿದರು. “ತಗೋಪಾ. ಇನ್ನ ನೀ ಇಟ್ಕೋ.”

ನಾಲ್ಕು ವರ್ಷ ಇದನ್ನೇ ಕೇಳಿದ್ದ ದುರ್ಗೇಶ ಕೈ ಮುಂದೆ ಮಾಡಲಿಲ್ಲ. “ಇರಲಿ ಬಿಡಪ್ಪಾ, ಮನೀಗೆ ಹೋಗಿ ನೋಡೂಣು” ಎಂದ. ಅವರು ಉಳಿಯನ್ನು ಅವನ ಕೈಯಲ್ಲಿಟ್ಟು ಬೆರಳು ಮಡಿಸಿದರು.

ಆಗ ಅದೇ ಮಣೆಯ ಕೆಳಗೆ ಕೋಲು ಹಿಡಿದು ಕುಳಿತಿದ್ದ ನೀಲಾ, “ನಾ ಒಮ್ಮೆ ಕುಂದ್ರಲೇನ್ರಿ?” ಎಂದಳು.

ನೀಲಾ ಎಡಚಿ. ಅದಕ್ಕೇ ಎರಡು ವರ್ಷದಿಂದ ಎಳೆ ಹಿಡಿಯುವ ಕೆಲಸ ಬಿಟ್ಟು ಮಣೆ ಏರಿದವಳಲ್ಲ. ಎಡಗೈಯಿಂದ ಮಾಡಿದ ಉಣ್ಣುವ ಪದಾರ್ಥ ನಮ್ಮಲ್ಲೂ ಆಗುವುದಿಲ್ಲ, ಮುಸ್ಲಿಮರಲ್ಲೂ ಆಗುವುದಿಲ್ಲ. ಕಲಿಸುವಾಗ ಅವಳನ್ನು ಕೆಳಗೆ ಕೂರಿಸಿದವಳು ನಾನೇ.

“ಎಡಗೈ ಶಾವಿಗೀನ ಯಾರ ತಿಂತಾರವ್ವ, ನಿನ್ನ ಗಂಡನs ತಿನ್ನಬೇಕು” ಎಂದು ಹೀನಾ ನಕ್ಕಳು.

“ಅಂವಾ ದಿನಾ ನನ್ನ ರೊಟ್ಟಿನs ತಿಂತಾನ. ಇನ್ನೂ ಗಟ್ಟಿ ಅದಾನ.”

ಮಹಮೂದಾಬೇಗಂ ಹಿಟ್ಟಿನ ಮುದ್ದೆಯನ್ನು ನಾಲ್ಕನೆಯ ಮಣೆಯ ಹತ್ತಿರ ಸರಿಸಿದಳು. ಆಮೇಲೆ, “ಹಿಟ್ಟು ನಾದುವಾಗ ನಾವೆಲ್ಲಾರೂ ಎಡಗೈ ಎಲ್ಲಿ ಇಟ್ಟಿದ್ವಿ, ಬೆನ್ನ ಹಿಂದ ಏನು? ಕೈ ತೊಳಕೊಂಡು ಕುಂದುರು ನೀಲಾ” ಎಂದಳು.

ನೀಲಾ ಕುಳಿತಳು. ಎಡ ಅಂಗೈ ಹಲಗೆಯ ಮೇಲೆ ಓರೆಯಾಗಿ ಹೋಯಿತು, ಕಟ್ಟಿಗೆಯ ಗೆರೆ ಒರಗಿದ ಕಡೆಗೇ. ಒಂದು ಗೇಣು ಇಳಿಯಿತು. ಒಂದು ಮೊಳವಾಯಿತು. ಎಳೆ ಹಿಡಿಯಲು ಕೆಳಗೆ ಯಾರೂ ಇಲ್ಲವೆಂದು ಆಗ ನೆನಪಾಗಿ ನಾನೇ ಓಡಿ ಕೋಲು ಹಿಡಿದೆ. ಮೊಣಕೈಯಿಂದ ಅಳೆದೆ, ಎರಡು ಮೊಳ ಮೂರು ಬೆರಳು. ಮಹಮೂದಾಬೇಗಂ ನಾಲ್ಕೂ ಮಣೆಗಳ ಎಳೆಗಳನ್ನು ಕಲೆಸಿ ಬೆಳಕಿಗೆ ಹಿಡಿದಳು. ಯಾವುದು ಯಾವ ಮಣೆಯದೆಂದು ಅವಳಿಗೂ ಹೇಳಲಾಗಲಿಲ್ಲ, ನನಗೂ ಆಗಲಿಲ್ಲ.

ಆದರೂ ಹಾಲೇಶಪ್ಪನವರು ಉಳಿ ಕೇಳಲಿಲ್ಲ. “ಮೊದಲ ಎಳಿ ಹರದೇತಿ. ಮಾತು ಮಾತs” ಎಂದರು.

“ಹಾಲೇಶಣ್ಣ, ಮಣಿ ತಪ್ಪಿಲೆ ಹರದ್ರ ಅಂದಿದ್ದಿ. ಮಣಿದೇನು ತಪ್ಪೈತಿ? ಅದರ ಮ್ಯಾಲ ಕುಂದ್ರೂ ಮಂದೀನ ಕೆಳಗ ಕುಂದ್ರಿಸಿದ್ದು ನಂದು ತಪ್ಪು” ಎಂದೆ.

ಅವರು ನೀಲಾಳ ಕೈಯನ್ನು ನೋಡಿದರು, ಮಣೆಯನ್ನು ನೋಡಿದರು. ಅಷ್ಟರಲ್ಲಿ ಹೀನಾ ನನ್ನ ಕೈಯಿಂದ ಕೋಲು ತೆಗೆದುಕೊಂಡು ಕೆಳಗೆ ಕುಳಿತಳು. ಐದು ನಿಮಿಷವೂ ಆಗಿರಲಿಲ್ಲ, ಅವಳ ಮುಖ ಸಣ್ಣದಾಯಿತು.

“ಅಜ್ಜಾರ, ಈ ಮಣಿ ನೀಲಾಂದಾತು, ನಾ ಎಷ್ಟ ದಿನಾ ಅಂತ ಕೋಲು ಹಿಡೀಲ್ರಿ? ನನಗೊಂದು ಮಣಿ ಮಾಡಿ ಕೊಡ್ರಿ.”

“ಕೈ ತೋರಸು ಮೊದಲ” ಎಂದರು ಹಾಲೇಶಪ್ಪನವರು. ಹೀನಾಳ ಬಲ ಅಂಗೈಯನ್ನು ಹಲಗೆಯ ಮೇಲೆ ನಾಲ್ಕು ಸಲ ಆಡಿಸಿ ನೋಡಿದರು. ಆಮೇಲೆ ತಿರುಗಿ ನೋಡದೆಯೇ ಮಗನ ಕಡೆ ಕೈ ಚಾಚಿದರು.

ದುರ್ಗೇಶ ಉಳಿಯನ್ನು ಅಂಗಿಗೆ ಒರೆಸಿ ಕೊಟ್ಟ.