ಪೂಜೆಗಿಟ್ಟ ಅಡುಗೆ ಪುಸ್ತಕ

ಈ ಸಲದ ದಸರಾ ರಜೆಯಲ್ಲಿ ನಾವು ಎಲ್ಲಿಗೂ ಹೋಗಲಿಲ್ಲ. ಪ್ರತಿ ವರ್ಷ ನವರಾತ್ರಿಯಲ್ಲಿ ಎರಡು ದಿನವಾದರೂ ತೀರ್ಥಹಳ್ಳಿಯ ತವರಿಗೆ ಹೋಗಿ ಬರುವುದು ನನ್ನ ರೂಢಿ. ಅದೂ ತಪ್ಪಿತು. ಮಾವನವರನ್ನು ಬಿಟ್ಟು ಹೋಗುವ ಹಾಗಿರಲಿಲ್ಲ.

ಶ್ರಾವಣದಲ್ಲಿ ಅವರಿಗೆ ಜ್ವರ ಬಂದು ಹನ್ನೆರಡು ದಿನ ಆಸ್ಪತ್ರೆಯಲ್ಲಿ ಮಲಗಿದ್ದರು. ಜ್ವರ ಹೋಯಿತು. ಹೋಗುವಾಗ ಬಾಯಿರುಚಿಯನ್ನೂ ಹೊತ್ತುಕೊಂಡು ಹೋಯಿತು. ಇಡ್ಲಿ ಕೊಟ್ಟರೂ ಮಣ್ಣು, ಪಾಯಸ ಕೊಟ್ಟರೂ ಮಣ್ಣು. ಎರಡು ಚಮಚ ಗಂಜಿ ಕುಡಿದು ತಟ್ಟೆಯನ್ನು ಬೆರಳಿನಿಂದ ಮೆಲ್ಲಗೆ ಆಚೆ ಸರಿಸುತ್ತಿದ್ದರು. ಬೈದು ತಳ್ಳಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಡಾಕ್ಟರು ಹೇಳಿಬಿಟ್ಟಿದ್ದರು: "ಹಬ್ಬ ಮುಗಿಸ್ಕೊಂಡು ಕರ್ಕೊಂಡು ಬನ್ನಿ. ಅಷ್ಟರೊಳಗೆ ಬಾಯಲ್ಲಿ ಊಟ ಹೋದ್ರೆ ಸರಿ. ಇಲ್ಲ ಅಂದ್ರೆ ಮತ್ತೆ ಅಡ್ಮಿಟ್ ಮಾಡಿ ಡ್ರಿಪ್ ಹಾಕ್ಬೇಕಾಗುತ್ತೆ."

ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ ಮಾವ ನನ್ನ ಕೈ ಹಿಡಿದು ಒಂದೇ ಮಾತು ಹೇಳಿದ್ದರು. "ಇನ್ನೊಂದ್ಸಲ ಅಲ್ಲಿಗೆ ಬೇಡ ಮಾರಾಯ್ತಿ. ಏನಾಗೋದಿದ್ರೂ ಮನೇಲೇ ಆಗ್ಲಿ."

ಅವರ ಬಾಯಿಗೆ ಎರಡು ತುತ್ತು ಅನ್ನ ಸೇರಿಸುವುದೇ ಆ ರಜೆಯ ನನ್ನ ವ್ರತವಾಯಿತು. ದಿನಾ ಸಂಜೆ ದೀಪ ಹಚ್ಚುವಾಗ ಅಮ್ಮನವರ ಹತ್ತಿರ ಬೇರೆ ಏನನ್ನೂ ಕೇಳಲಿಲ್ಲ.

ಸಾಗರದಲ್ಲಿ ನಮ್ಮ ಮನೆ ಬಸ್‌ಸ್ಟ್ಯಾಂಡಿನಿಂದ ಹತ್ತು ನಿಮಿಷದ ದಾರಿ. ಮನೆಯವರಿಗೆ ಮಿಕ್ಸಿ, ಗ್ರೈಂಡರ್ ರಿಪೇರಿಯ ಅಂಗಡಿ. ಹಬ್ಬದ ಹೊತ್ತಿಗೆ ಊರಿನ ಮಿಕ್ಸಿಗಳೆಲ್ಲ ಒಟ್ಟಿಗೇ ಕೆಡುವುದರಿಂದ ಅವರಿಗೆ ರಜೆ ಎಂಬುದಿಲ್ಲ. ಮಗಳಿಗೆ ಮಾತ್ರ ರಜೆ. ಶಿವಮೊಗ್ಗದ ಹಾಸ್ಟೆಲಿನಿಂದ ಬಂದವಳು ಬ್ಯಾಗು ಇಳಿಸಿದ ದಿನವೇ ಅಜ್ಜನಿಗೆ ಪುಸ್ತಕ ಓದಿ ಹೇಳಲು ಕುಳಿತಳು. ಅದನ್ನು ನಾನು ದೇವರ ಮೊದಲನೇ ಉಪಕಾರ ಎಂದು ಎಣಿಸಿದೆ. ಮಾವ ಹೊಸನಗರದ ಸುತ್ತಿನ ಶಾಲೆಗಳಲ್ಲಿ ಮೇಷ್ಟರಾಗಿದ್ದವರು. ಪುಸ್ತಕವಿಲ್ಲದೆ ಒಂದು ದಿನ ಕಳೆದವರಲ್ಲ. ಈಗ ಕೈ ನಡುಗುತ್ತಿತ್ತು, ಪುಸ್ತಕ ಎದೆಯ ಮೇಲೆ ಬೀಳುತ್ತಿತ್ತು.

"ಪುಟ್ಟೀ, ಮಹಾಪ್ರಾಣ ಎಲ್ಲ ನುಂಗ್ತಾ ಇದ್ದೀಯಲ್ಲೇ. ಹಾಸ್ಟೆಲಲ್ಲಿ ಊಟ ಸರಿ ಕೊಡಲ್ವಾ?"

"ನಾನಾದ್ರೂ ಅಕ್ಷರ ನುಂಗ್ತೀನಿ ಅಜ್ಜ. ನೀನು ಅನ್ನವನ್ನೇ ನುಂಗಲ್ಲ."

ಅಡುಗೆಮನೆಯಲ್ಲಿ ನಾನು ಸೊಪ್ಪು ಬಿಡಿಸುತ್ತ ಇದನ್ನು ಕೇಳಿ ನಗುತ್ತಿದ್ದೆ. ಪುರಾಣದ ಒಂದು ದಪ್ಪ ಪುಸ್ತಕ ಮುಗಿದು, ಲೈಬ್ರರಿಯಿಂದ ತಂದ ಪತ್ತೇದಾರಿ ಕಾದಂಬರಿ ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಮೂಲಾ ನಕ್ಷತ್ರ ಬಂತು.

ನಮ್ಮ ಮನೆಯಲ್ಲಿ ಮೂಲಾ ನಕ್ಷತ್ರದ ದಿನ ಶಾರದೆಗೆ ಪುಸ್ತಕ ಇಡುವ ಕ್ರಮವಿದೆ. ದೇವರ ಮುಂದೆ ಮಣೆ ಹಾಕಿ ಪುಸ್ತಕ ಜೋಡಿಸಿ, ಮೇಲೆ ರೇಷ್ಮೆ ವಸ್ತ್ರ ಹೊದೆಸಿ, ಅಕ್ಷತೆ ಹಾಕುತ್ತೇವೆ. ಅಲ್ಲಿಂದ ವಿಜಯದಶಮಿಯ ದಿನ ವಿಸರ್ಜನೆ ಆಗುವವರೆಗೆ ಯಾರೂ ಓದುವಂತಿಲ್ಲ, ಬರೆಯುವಂತಿಲ್ಲ. ಮಾವ ಈ ವಿಷಯದಲ್ಲಿ ಕಟ್ಟುನಿಟ್ಟು. ಆ ದಿನಗಳಲ್ಲಿ ಪೇಪರ್ ಸಹ ಮಡಚಿದ್ದು ಮಡಚಿದ ಹಾಗೇ ಸ್ಟೂಲಿನ ಮೇಲೆ ಕುಳಿತಿರಬೇಕು.

"ಮೊಬೈಲಲ್ಲಿ ಓದಬಹುದಾ ಅಜ್ಜ?" ಎಂದಳು ಮಗಳು.

"ಅದರಲ್ಲಿ ಅಕ್ಷರ ಉಂಟಾ?"

"ಉಂಟು."

"ಹಾಗಾದ್ರೆ ಅದನ್ನೂ ಮಣೆ ಮೇಲೆ ಇಡು."

ಅವಳು ಮೊಬೈಲನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದಳು.

ಈ ವರ್ಷ ಪುಸ್ತಕ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲ ಪುಸ್ತಕಗಳನ್ನು ಒರೆಸಿ ತರುವಾಗ ಅಡುಗೆಮನೆಯ ಕಪಾಟಿನಲ್ಲಿ ಅತ್ತೆಯ ಅಡುಗೆ ಪುಸ್ತಕ ಕಾಣಿಸಿತು. ಕಂದು ಕಾಗದದ ರಟ್ಟು ಹಾಕಿದ ನೋಟ್‌ಬುಕ್ಕು, ಅಂಚಿನಲ್ಲಿ ಎಣ್ಣೆಯ ಕಲೆ. ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ವಿದ್ಯೆಯೂ ವಿದ್ಯೆಯೇ ಅಲ್ಲವೇ ಎಂದು ನನಗನ್ನಿಸಿತು. ಕಣ್ಣಿಗೊತ್ತಿಕೊಂಡು ಎಲ್ಲಕ್ಕಿಂತ ಕೆಳಗೆ ಅದನ್ನೇ ಇಟ್ಟು, ಅದರ ಮೇಲೆ ಉಳಿದವನ್ನು ಪೇರಿಸಿದೆ. ಭಕ್ತಿಯಿಂದಲೇ ಮಾಡಿದ್ದು. ಅಡುಗೆ ಮಾಡುವವಳೇ ಅಡುಗೆ ಪುಸ್ತಕವನ್ನು ಹಬ್ಬದ ನಡುವೆ ಪೂಜೆಗಿಟ್ಟರೆ ಏನಾದೀತು ಎಂದು ಯೋಚನೆ ಬರಲಿಲ್ಲ.

ಮರುದಿನ ಅಷ್ಟಮಿ. ಬೆಳಿಗ್ಗೆ ಗಂಜಿ ಕೊಡಲು ಹೋದಾಗ ಮಾವ, ಎರಡು ತಿಂಗಳಲ್ಲಿ ಮೊದಲ ಸಲ, ತಾವಾಗಿ ಬಾಯಿಬಿಟ್ಟು ಕೇಳಿದರು. "ಅವಳು ಜ್ವರ ಬಿಟ್ಟವರಿಗೆ ಒಂದು ಸಾರು ಮಾಡ್ತಿದ್ಲಲ್ಲ, ವಾಟೆಹುಳಿದು. ಅದು ಮಾಡ್ಲಿಕ್ಕೆ ಬರುತ್ತಾ ನಿಂಗೆ?"

ವಾಟೆಕಾಯಿಯನ್ನು ಹೆಚ್ಚಿ ಬಿಸಿಲಿಗೆ ಒಣಗಿಸಿದರೆ ವಾಟೆಹುಳಿ. ಹುಣಸೆಹಣ್ಣಿನ ಜಾಗದಲ್ಲಿ ನಮ್ಮ ಕಡೆ ಅದನ್ನು ಹಾಕುತ್ತೇವೆ. ನಿಟ್ಟೂರಿನಲ್ಲಿರುವ ಅತ್ತೆಯ ತವರಿನಿಂದ ಬಂದದ್ದು ಡಬ್ಬಿ ತುಂಬ ಇತ್ತು. ಆದರೆ ಸಾರಿನ ಕ್ರಮ ನನಗೆ ತಿಳಿದಿರಲಿಲ್ಲ. ಜ್ವರ ಬಂದಾಗ ನಾನು ನನ್ನ ತಾಯಿ ಮಾಡುತ್ತಿದ್ದ ಕಾಳುಮೆಣಸಿನ ಸಾರನ್ನೇ ಮಾಡುತ್ತಿದ್ದೆ. ಅತ್ತೆ "ಮಾಡಮ್ಮ, ನಿನ್ನ ತೀರ್ಥಹಳ್ಳಿ ಸಾರು ನೀನು ಮಾಡು" ಎಂದು ಮೂತಿ ತಿರುಗಿಸಿ ತಮ್ಮದನ್ನು ಬೇರೆ ಪಾತ್ರೆಯಲ್ಲಿ ಕುದಿಸುತ್ತಿದ್ದರು. ನನಗೂ ಹಠ, ಕಲಿಯಲಿಲ್ಲ. ಆ ಸಾರು ಇದ್ದದ್ದು ನೋಟ್‌ಬುಕ್ಕಿನಲ್ಲಿ. ನೋಟ್‌ಬುಕ್ಕು ಇದ್ದದ್ದು ಶಾರದೆಯ ಮುಂದೆ, ಹದಿನಾಲ್ಕು ಪುಸ್ತಕಗಳ ಅಡಿಯಲ್ಲಿ.

ನಾನು ತಲೆ ತಗ್ಗಿಸಿ ಇದ್ದದ್ದನ್ನು ಹೇಳಿದೆ. ಮಾವ, "ಇಟ್ಟದ್ದು ಇಟ್ಟದ್ದೇ. ಒಂದು ಸಾರಿಲ್ಲ ಅಂತ ಯಾರೂ ಸಾಯೋದಿಲ್ಲ" ಎಂದರು. ಗಂಜಿಯ ಲೋಟ ಹಾಗೇ ವಾಪಸು ಬಂತು.

ಮಗಳು ಅಡುಗೆಮನೆಗೆ ಬಂದು ನನ್ನ ಮೇಲೆ ಹರಿಹಾಯ್ದಳು. "ಅಮ್ಮಾ, ಅದೇನು ವೇದವಾ? ಜೀರಿಗೆ ಎಷ್ಟು ಮೆಣಸು ಎಷ್ಟು ಅಂತ ನೋಡಿದ್ರೆ ದೇವರಿಗೆ ಸಿಟ್ಟು ಬರುತ್ತಾ?"

"ದೇವರಿಗೆ ಬರುತ್ತೋ ಇಲ್ವೋ, ನಿನ್ನ ಅಜ್ಜನಿಗೆ ಬರುತ್ತೆ. ಕದ್ದು ತೆಗೆದು ಮಾಡಿದ್ದು ಅಂತ ಗೊತ್ತಾದ್ರೆ ಮುಟ್ಟೋದೂ ಇಲ್ಲ."

"ಅಜ್ಜ ಉಪವಾಸ ಬಿದ್ರೂ ಪರವಾಗಿಲ್ಲ, ಶಾಸ್ತ್ರ ಉಳೀಬೇಕು. ಅಲ್ದಾ?"

ಆ ಮಾತು ನನಗೆ ನಾಟಿತು. ನಾಟಿದ್ದರಿಂದಲೇ ಜೋರು ಮಾಡಿದೆ. "ಹೋಗು, ಕಾಯಿ ತುರಿ" ಎಂದು ಅವಳ ಬಾಯಿ ಮುಚ್ಚಿಸಿದೆ. ಮಧ್ಯಾಹ್ನ ಅಂದಾಜಿನ ಮೇಲೆ ಮಾಡಿ ನೋಡಿದೆ. ವಾಟೆಹುಳಿ ನೆನೆಸಿದೆ, ಜೀರಿಗೆ ಮೆಣಸು ಹುರಿದು ಕುಟ್ಟಿದೆ, ತುಪ್ಪದ ಒಗ್ಗರಣೆ ಕೊಟ್ಟೆ. ನನ್ನ ಬಾಯಿಗೆ ಚೆನ್ನಾಗಿಯೇ ಇತ್ತು. ಮಾವ ಒಂದು ಗುಟುಕು ಕುಡಿದು, "ಪಾಪ, ಕಷ್ಟಪಟ್ಟು ಮಾಡಿದ್ದೀಯ" ಎಂದರು. ಬೆರಳು ತಟ್ಟೆಯನ್ನು ಆಚೆ ಸರಿಸಿತು.

ನವಮಿಯ ಬೆಳಿಗ್ಗೆ ಮನೆಯವರು ಆಯುಧಪೂಜೆಗೆಂದು ಅಂಗಡಿಗೆ ಹೋದರು. ನಾನು ಮಾವನವರ ಮುಖ ತೊಳೆಸುವಾಗ ಕುತ್ತಿಗೆಯ ಮೂಳೆ ನೋಡಿದೆ. ತುಳಸಿಮಣಿ ಸರ ಆ ಗುಂಡಿಯಲ್ಲಿ ಕೂತಿತ್ತು. ಸ್ನಾನ ಮಾಡಿ ಮಡಿಯುಟ್ಟು ದೇವರ ಮುಂದೆ ನಿಂತೆ. ತಾಯೀ, ತಪ್ಪಿದ್ದರೆ ನನ್ನದು, ಪಾಪ ಬಂದರೆ ನನಗೆ ಬರಲಿ, ಮನೆಯ ಹಿರಿಯರಿಗೆ ಬೇಡ ಎಂದು ಬೇಡಿಕೊಂಡು ವಸ್ತ್ರದ ಅಂಚಿಗೆ ಕೈ ಹಾಕಿದೆ. ಅಕ್ಷತೆ ನಾಲ್ಕು ಕಾಳು ಕೆಳಗೆ ಬಿತ್ತು.

"ಏನು ಮಾಡ್ತಿದ್ದೀ?"

ಮಾವನವರ ಮಂಚದಿಂದ ದೇವರ ಕೋಣೆ ನೇರ ಕಾಣಿಸುತ್ತದೆ ಎಂಬುದು ನನಗೆ ಮರೆತೇ ಹೋಗಿತ್ತು. ಕೈ ಇನ್ನೂ ವಸ್ತ್ರ ಹಿಡಿದೇ ಇತ್ತು.

"ಬಿಡು ಅದನ್ನ. ಬಿಡು ಅಂದ್ನಲ್ಲ. ನಡಿ ಅಡುಗೆಮನೆಗೆ, ನಾನೇ ಬರ್ತೀನಿ."

ಹಾಗೆಂದು ಕಾಲು ಕೆಳಗಿಟ್ಟರು. ಆಸ್ಪತ್ರೆಯಿಂದ ಬಂದ ಮೇಲೆ ಬಚ್ಚಲುಮನೆ ಬಿಟ್ಟರೆ ಎಲ್ಲಿಗೂ ನಡೆದವರಲ್ಲ. ಮಗಳು ಓಡಿ ಬಂದು ತೋಳು ಹಿಡಿದಳು. ಅಡುಗೆಮನೆಯ ಹೊಸಿಲು ದಾಟಿಸಿ, ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸುವಷ್ಟರಲ್ಲಿ ಅವರಿಗೆ ಏದುಸಿರು. ನನಗೆ ಭಯ. ಮಗಳಿಗೆ ಮಾತ್ರ ಗೆಲುವು. "ಅಜ್ಜ, ನಿಂಗೆ ಅಡುಗೆ ಬರುತ್ತಾ? ಕಾಫಿ ಲೋಟ ತೊಳೆದಿದ್ದು ಸಹ ನಾನು ನೋಡಿಲ್ಲ."

"ಅಡುಗೆ ಬರಲ್ಲ. ಬರೆದದ್ದು ಬರುತ್ತೆ. ನಿನ್ನೆ ಬಾಯಿಬಿಟ್ಟು ಹೇಳೋ ಮನಸ್ಸಾಗ್ಲಿಲ್ಲ, ಅಷ್ಟೇ."

ಆಗ ಹೇಳಿದರು. ಅತ್ತೆ ಓದಿದ್ದು ಮೂರನೇ ಕ್ಲಾಸು, ಬರೆಯುವುದೆಂದರೆ ಕಷ್ಟ. ಆ ನೋಟ್‌ಬುಕ್ಕನ್ನು ಒಂದು ಬೇಸಿಗೆ ರಜೆಯಲ್ಲಿ ಅತ್ತೆ ಹೇಳಿದ ಹಾಗೆ ಬರೆದವರು ಮಾವ. ಅಕ್ಷರ ಅವರದೆಂದು ನನಗೆ ಗೊತ್ತಿತ್ತು. ಅದರ ಹಿಂದಿನ ಜಗಳ ಗೊತ್ತಿರಲಿಲ್ಲ.

"ಎಲ್ಲದಕ್ಕೂ 'ಸ್ವಲ್ಪ' ಅನ್ನೋಳು. ಸ್ವಲ್ಪ ಅಂದ್ರೆ ಎಷ್ಟು ಅಂದ್ರೆ, 'ಕೈಗೆ ಗೊತ್ತಾಗುತ್ತೆ' ಅನ್ನೋಳು. ಕೈನ ಪುಸ್ತಕದಲ್ಲಿ ಹ್ಯಾಗೆ ಬರೀಲಿ? ನಾನು ಅಳತೆ ಹೇಳು ಅಂದೆ. ಅವಳು ಚಮಚ ತಂದು ಮುಖದ ಮುಂದೆ ಕುಕ್ಕಿದ್ಲು. ಈ ಸಾರೊಂದಕ್ಕೇ ನಾಲ್ಕು ದಿನ ಮಾತು ಬಿಟ್ಟಿದ್ವಿ. ಗೀಟು ಹೊಡೆದು ಹೊಡೆದು ಬರೆದ ಪುಟ. ಮರೆಯುತ್ತಾ?"

ಹಾಗೆ ಶುರುವಾಯಿತು. ಮಾವ ತರಗತಿಯಲ್ಲಿ ಉಕ್ತಲೇಖನ ಕೊಡುವ ಹಾಗೆ ಹೇಳುತ್ತ ಹೋದರು. ಜೀರಿಗೆ ಒಂದೂವರೆ ಚಮಚ, ಮೆಣಸು ಅರ್ಧ. ಕೆಂಪಗೆ ಹುರಿದ ಅಕ್ಕಿ ಒಂದು ಚಮಚ, ಅದೂ ಪುಡಿಯ ಜೊತೆ. ಅಕ್ಕಿಯ ವಿಷಯ ನನಗೆ ಹೊಸದು. ಕೊನೆಗೆ, ಅಷ್ಟರಲ್ಲಿ ನಾನು ನೆನೆಸಿಟ್ಟಿದ್ದ ವಾಟೆಹುಳಿಯನ್ನು ನೋಡಿ ಹಣೆ ಬಡಿದುಕೊಂಡರು.

"ನೆನೆಸಿಬಿಟ್ಯಾ? ಮುಗೀತು. ಅದನ್ನ ಮೊದಲು ಸುಡಬೇಕು ಮಾರಾಯ್ತಿ. ಕೆಂಡದಲ್ಲಿ."

"ಗ್ಯಾಸಿನಲ್ಲಿ ಕೆಂಡ ಎಲ್ಲಿಂದ ತರ್ಲಿ ಮಾವ?"

"ಇಕ್ಕಳ ಇಲ್ವಾ?"

ಹೊಸದಾಗಿ ನಾಲ್ಕು ಚೂರು ತೆಗೆದು ಇಕ್ಕಳದಲ್ಲಿ ಹಿಡಿದು ಉರಿಯ ಮೇಲೆ ತೋರಿಸಿದೆ. ಅಂಚು ಕಪ್ಪಾಗುತ್ತಿದ್ದಂತೆ ಹುಳಿಯೂ ಹೊಗೆಯೂ ಕೂಡಿದ ಒಂದು ವಾಸನೆ ಎದ್ದಿತು. ನಾನು ಬಾಣಂತಿಯಾಗಿ ಇದೇ ಮನೆಯ ಕತ್ತಲ ಕೋಣೆಯಲ್ಲಿ ಮಲಗಿದ್ದಾಗ ಬಾಗಿಲ ಸಂದಿಯಿಂದ ಬರುತ್ತಿದ್ದ ವಾಸನೆ. ಅತ್ತೆ ಲೋಟದಲ್ಲಿ ತಂದು "ಕುಡಿ, ನಿನ್ನ ಊರಿನ ಸಾರಿನಷ್ಟು ಚೆನ್ನಾಗಿರ್ಲಿಕ್ಕಿಲ್ಲ" ಎಂದು ಚುಚ್ಚುತ್ತಿದ್ದರು. ಚುಚ್ಚುತ್ತಲೇ ಲೋಟ ಖಾಲಿಯಾಗುವವರೆಗೆ ಪಕ್ಕದಲ್ಲಿ ಕೂರುತ್ತಿದ್ದರು. ಅವರಿದ್ದಾಗ ಒಂದು ದಿನ ಕೇಳಿ ಕಲಿತಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಎಂದು ಅಲ್ಲೇ ನಿಂತು ನಾಚಿಕೆಪಟ್ಟೆ.

ಮಾವ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಾಗಿ, ಮೂಗು ಮೇಲೆತ್ತಿ ಕುಳಿತಿದ್ದರು.

ಸಾರು ಕುದಿಯಿತು. ಅವರು ಅಂಗೈ ಚಾಚಿದರು. ಒಂದು ಚಮಚ ಬಿಟ್ಟೆ. ನೆಕ್ಕಿ, ಬಾಯಿ ಚಪ್ಪರಿಸಿ, ಇನ್ನೊಂದು ಸಲ ಕೈ ಚಾಚಿದರು.

"ಉಪ್ಪು ಸಾಲದು."

ನನಗೆ ಒಮ್ಮೆಲೇ ಅಳು ಬಂತು. ಎರಡು ತಿಂಗಳು ಎಲ್ಲವೂ ಮಣ್ಣಾಗಿದ್ದ ಬಾಯಿಗೆ ಉಪ್ಪು ಸಾಲದೆಂಬುದು ತಿಳಿಯಿತಲ್ಲ! ಮಗಳು "ಅಳಬೇಡ ಅಮ್ಮ, ಉಪ್ಪು ಜಾಸ್ತಿಯಾಗುತ್ತೆ" ಎಂದಳು. ಮಾವ ನಕ್ಕರು. ಅಲ್ಲೇ ಕುರ್ಚಿಯಲ್ಲೇ ತಟ್ಟೆ ಕೊಟ್ಟೆ. ಮೆತ್ತಗಿನ ಅನ್ನಕ್ಕೆ ಎರಡು ಸೌಟು ಸಾರು. ಪವಾಡವೇನೂ ಆಗಲಿಲ್ಲ. ಅರ್ಧ ಉಂಡು ದಣಿದು ಹೋಗಿ ಮಲಗಿದರು. ಆದರೆ ಆ ಅರ್ಧ ಹೊಟ್ಟೆಯಲ್ಲಿ ನಿಂತಿತು. ಸಂಜೆ ಅವಲಕ್ಕಿ ಇದೆಯಾ ಎಂದು ಕೇಳಿದರು.

ನನ್ನ ಮನಸ್ಸು ಒಂದೇ ಲೆಕ್ಕ ಹೇಳುತ್ತದೆ. ಪುಸ್ತಕ ಕಪಾಟಿನಲ್ಲೇ ಇದ್ದಿದ್ದರೆ ನಾನು ಓದಿ, ಮಾಡಿ, ಮಂಚಕ್ಕೆ ತಂದುಕೊಡುತ್ತಿದ್ದೆ. ಆ ಬೆರಳು ತಟ್ಟೆಯನ್ನು ಸರಿಸುತ್ತಿತ್ತು. ನನ್ನನ್ನು ತಡೆಯಲೆಂದು ಎದ್ದವರಿಗೆ ಅಡುಗೆಮನೆಯ ವಾಸನೆ ಸಿಕ್ಕಿತು, ಬೈಯಲು ಒಬ್ಬ ಸೊಸೆ ಸಿಕ್ಕಿದಳು. ಶಾರದೆ ತಾಯಿ ಬೇಕೆಂದೇ ಹಾಗೆ ಮಾಡಿದಳು ಎಂದು ನಾನು ನಂಬುತ್ತೇನೆ. ಮಗಳು ಒಪ್ಪುವುದಿಲ್ಲ. "ನಾನು ಹೇಳಿದಾಗ್ಲೇ ತೆಗೆದಿದ್ರೆ ಒಂದು ದಿನ ಮೊದಲೇ ಉಣ್ತಿದ್ರು" ಎನ್ನುತ್ತಾಳೆ. ಅವಳದೂ ಸುಳ್ಳಿರಲಿಕ್ಕಿಲ್ಲ. ಅದರ ಮೇಲೆ ವಾದ ಮಾಡಲು ನಾನು ಹೋಗಲಿಲ್ಲ.

ದಶಮಿಯ ದಿನ ವಿಸರ್ಜನೆ ಮುಗಿದು ಪುಸ್ತಕಗಳು ಇಳಿದವು. ಪತ್ತೇದಾರಿ ಕಾದಂಬರಿ ಮುಂದುವರಿಯಿತು. ಓದುವ ಜಾಗ ಮಾತ್ರ ಬದಲಾಯಿತು. ಮಾವ ಈಗ ಅಡುಗೆಮನೆಯ ಕುರ್ಚಿ ಬಿಡುವುದಿಲ್ಲ. ಮಗಳು ನೆಲದ ಮೇಲೆ ಕುಳಿತು ಓದುತ್ತಾಳೆ, ಕೊಲೆಗಾರ ಯಾರೆಂದು ತಿಳಿಯುವ ಮೊದಲೇ ನಾನು ಒಗ್ಗರಣೆ ಹಾಕಿ ಸದ್ದು ಮಾಡುತ್ತೇನೆ, ಇಬ್ಬರೂ ನನ್ನನ್ನು ಬೈಯುತ್ತಾರೆ.

ರಜೆ ಮುಗಿಯುವ ಹಿಂದಿನ ದಿನ ಡಾಕ್ಟರ ಹತ್ತಿರ ಹೋದೆವು. ಅವರು ನಾಡಿ ನೋಡಿ, ತೂಕ ನೋಡಿ, "ಏನು ಊಟ ಮಾಡ್ತಿದ್ದೀರಿ ಮೇಷ್ಟ್ರೇ?" ಎಂದರು. ಮಾವ ಬೆಳಗಿನ ತಿಂಡಿಯಿಂದ ಶುರುಮಾಡಿ ಒಂದೊಂದನ್ನೂ ಅಳತೆ ಸಮೇತ ವರ್ಣಿಸತೊಡಗಿದರು. ಹೊರಗೆ ಕಾಯುತ್ತಿದ್ದವರು ಬಾಗಿಲಿನಿಂದ ಇಣುಕಿ ನೋಡಿದರು. ಡಾಕ್ಟರು ಪೆನ್ನು ಕೆಳಗಿಟ್ಟು, "ಡ್ರಿಪ್ ಬೇಡ. ಒಂದು ತಿಂಗಳು ಬಿಟ್ಟು ಬನ್ನಿ, ಸಾಕು" ಎಂದು ಕೈಮುಗಿದರು.

ಮನೆಗೆ ಹೊರಟ ಆಟೋ ಮಾರ್ಕೆಟ್ಟಿನ ತಿರುವಿನಲ್ಲಿ ನಿಧಾನವಾಯಿತು. ಮಾವ ಕತ್ತು ಹೊರಗೆ ಹಾಕಿ ನೋಡಿ, ಡ್ರೈವರನ ಬೆನ್ನು ತಟ್ಟಿದರು.

"ನಿಲ್ಸು ಮಾರಾಯ, ನಿಲ್ಸು. ಅಲ್ಲಿ ಬಸಳೆ ಎಳೇದು ಬಂದಿದೆ."

ನಾನು ಇಳಿಯಲು ಹೋದರೆ ಬಿಡಲಿಲ್ಲ. ನನಗೆ ಆರಿಸಲು ಬರುವುದಿಲ್ಲವಂತೆ. ಕೋಲೂರಿಕೊಂಡು ತಾವೇ ಇಳಿದು, ಕಟ್ಟು ಬಿಚ್ಚಿಸಿ, ದಂಟು ಮುರಿದು ನೋಡಿ, ಎರಡು ಕಟ್ಟು ತಂದರು. ಮನೆ ಬರುವವರೆಗೂ ಅದನ್ನು ತೊಡೆಯ ಮೇಲಿಂದ ಕೆಳಗಿಳಿಸಲಿಲ್ಲ. ಒದ್ದೆ ಸೊಪ್ಪಿನಿಂದ ನೀರಿಳಿದು ಬಿಳಿ ಪಂಚೆ ಮೊಣಕಾಲಿನವರೆಗೆ ತೊಯ್ದಿತ್ತು.