ತಾಮ್ರದ ಕಡೆಯಿಂದ ನೋಡುವ ಕೆಂಪಾಜಮ್ಮ

ಕೆಂಪಾಜಮ್ಮನಿಗೆ ಗರ್ವ ಜಾಸ್ತಿ ಎನ್ನುವವರು ಕೊಳ್ಳೇಗಾಲದಲ್ಲಿ ಬಹಳ ಜನ ಇದ್ದಾರೆ. ಇರಲಿ. ಗರ್ವವಿಲ್ಲದ ರಿಪೇರಿಯವರ ಅಂಗಡಿಗೆ ಟಿ.ವಿ. ಕೊಟ್ಟು ಆರು ತಿಂಗಳು ಅಲೆದವನು ನಾನು. ಆಕೆ ಸಾಮಾನು ಬಿಚ್ಚಿ ನೋಡಿ, ಆಗುತ್ತದೆ ಇಲ್ಲವೇ ಆಗುವುದಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾಳೆ. ಆಗುತ್ತದೆ ಎಂದಳೋ, ಆಯಿತು ಎಂದೇ ಲೆಕ್ಕ. ನನ್ನ ಹೆಸರು ನಿಂಗಯ್ಯ. ಬಸ್ ಸ್ಟ್ಯಾಂಡಿನ ಹಿಂದೆ ಟೈಪಿಂಗ್ ಶಾಲೆ ನಡೆಸುತ್ತಿದ್ದವನು, ಎರಡು ಕಂಪ್ಯೂಟರ್ ತಂದು ಕೂರಿಸಿ ಬೋರ್ಡಿನಲ್ಲಿ ಕಂಪ್ಯೂಟರ್ ಸೆಂಟರ್ ಎಂದು ಬರೆಸಿಕೊಂಡೆ. ಆಕೆಯ ಅಂಗಡಿ ನಮ್ಮ ಮೆಟ್ಟಿಲ ಕೆಳಗೇ. ಈ ಕಥೆಯಲ್ಲಿ ನನ್ನ ಪಾಲಿನ ದಡ್ಡತನವೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಆಕೆಯ ಊರು ಹನೂರು ದಾಟಿದ ಮೇಲೆ ಸಿಗುವ ಲೊಕ್ಕನಹಳ್ಳಿ. ಕಾಡಿನ ಅಂಚು. ರಾಗಿ ತೆನೆ ಕಟ್ಟುವ ಹೊತ್ತಿಗೆ ಅಪ್ಪ ದೊಡ್ಡಮಾದಯ್ಯನ ಹೊಲಕ್ಕೆ ಆನೆ, ಹಂದಿ ಇಳಿಯುತ್ತಿದ್ದವು. ಎಂಬತ್ತೈದರಲ್ಲಿ ಪಕ್ಕದ ಹೊಲದವರು ಬೇಸತ್ತು, ಲೈಟ್ ಕಂಬದಿಂದ ನೇರವಾಗಿ ಬೇಲಿ ತಂತಿಗೆ ಕರೆಂಟು ಎಳೆದರು. ಹಂದಿ ಸಾಯಲಿಲ್ಲ, ದೊಡ್ಡಮಾದಯ್ಯನ ಎತ್ತು ಸತ್ತಿತು. ಆತನ ಕೈಯಲ್ಲಿದ್ದ ಹಗ್ಗ ಒಣಗಿತ್ತು, ಬದುಕಿಕೊಂಡ.

ಆಗ ಕೆಂಪಾಜಮ್ಮ ಕೊಳ್ಳೇಗಾಲದಲ್ಲಿ ಸರ್ಕಾರದ ಯಾವುದೋ ಯೋಜನೆಯಡಿ ರೇಡಿಯೊ ರಿಪೇರಿ ಕಲಿಯುತ್ತಿದ್ದಳು. ಹನ್ನೊಂದು ಗಂಡಸರ ನಡುವೆ ಆಕೆಯೊಬ್ಬಳು. ಮೊದಲ ದಿನವೇ ಕಲಿಸುವವರು, "ಪಕ್ಕದ ಕೋಣೆಲಿ ಹೊಲಿಗೆ ಕ್ಲಾಸ್ ಇದೆ, ಅಲ್ಲಿಗೆ ಹೋಗಮ್ಮ," ಎಂದರಂತೆ. "ಒಲಿಗ ನೀವೇ ಕಲ್ತ್ಕಳಿ ಸಾ, ನಾ ಇಲ್ಲೇ ಕೂತ್ಕತೀನಿ," ಎಂದು ಬೆಂಚಿನ ಮೇಲೆ ಕೂತವಳು ಕೋರ್ಸು ಮುಗಿಯುವವರೆಗೂ ಏಳಲಿಲ್ಲ. ಎತ್ತು ಸತ್ತ ವಾರ ಊರಿಗೆ ಹೋಗಿ ಬಂದ ಮೇಲೆ ಆಕೆಯ ತಲೆಯಲ್ಲಿ ಉಳಿದದ್ದು ಒಂದೇ: ಕೊಲ್ಲದೆ ಒದೆಯುವ ಬೇಲಿ.

ಅದನ್ನು ಮಾಡಿದಳು ಕೂಡ. ಬ್ಯಾಟರಿಯಿಂದ ನಡೆಯುವ ಒಂದು ಪೆಟ್ಟಿಗೆ. ಸೆಕೆಂಡಿಗೊಮ್ಮೆ ತಂತಿಗೆ ಒಂದು ಹೊಡೆತ ಕಳಿಸುತ್ತದೆ. ಮುಟ್ಟಿದ ಪ್ರಾಣಿ ಬೆಚ್ಚಿ ಓಡುತ್ತದೆ, ಸಾಯುವುದಿಲ್ಲ. ಪೆಟ್ಟಿಗೆಯೊಳಗಿನ ಸರ್ಕ್ಯೂಟ್ ಬೋರ್ಡನ್ನೂ ಆಕೆಯೇ ಮಾಡುತ್ತಿದ್ದಳು. ಒಂದು ಬದಿಗೆ ತಾಮ್ರ ಅಂಟಿಸಿದ ಹಲಗೆಯನ್ನು ತಾಮ್ರ ಮೇಲೆ ಬರುವಂತೆ ತೊಡೆಯ ಮೇಲಿಟ್ಟು, ಪೊರಕೆ ಕಡ್ಡಿಯನ್ನು ಎನಾಮಲ್ ಪೇಂಟಿಗೆ ಅದ್ದಿ ಗೆರೆ ಎಳೆಯುವಳು. ಆಮೇಲೆ ಹಲಗೆಯನ್ನು ತಾಮ್ರ ತಿನ್ನುವ ದ್ರಾವಣದಲ್ಲಿ ಮುಳುಗಿಸಿದರೆ ಪೇಂಟಿನ ಕೆಳಗಿನ ತಾಮ್ರ ಉಳಿಯುತ್ತದೆ, ಮಿಕ್ಕಿದ್ದು ಕರಗುತ್ತದೆ. ತೂತು ಕೊರೆದು, ಹಿಂದಿನ ಬದಿಯಿಂದ ಸಾಮಾನು ಚುಚ್ಚಿ, ತಾಮ್ರದ ಬದಿಗೆ ಬೆಸುಗೆ ಹಾಕುವುದು. ಹದಿನೆಂಟು ವರ್ಷ ಹೀಗೇ ನಡೆಯಿತು. ಬೋರ್ಡು ಎಂದರೆ ಆಕೆಯ ಕಣ್ಣಿಗೆ ತಾಮ್ರದ ಕಡೆಯಿಂದ ಕಾಣುವ ಚಿತ್ರ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ತೊಂಬತ್ತರ ದಶಕದಲ್ಲಿ ಮೈಸೂರಿನ ಒಂದು ಕಂಪನಿಯೂ ಬೇಲಿ ಪೆಟ್ಟಿಗೆ ಮಾರತೊಡಗಿತು. ನೋಡಲು ಚೆಂದ. ಆದರೆ ಒಳಗಿನ ಬೋರ್ಡಿನ ಮೇಲೆ ಕರಿ ಅಂಟು ಸುರಿದು ಕಲ್ಲಿನಂತೆ ಗಟ್ಟಿ ಮಾಡಿದ್ದರು. ಕೆಟ್ಟರೆ ಯಾರೂ ಬಿಚ್ಚುವಂತಿಲ್ಲ, ಮೈಸೂರಿಗೇ ಕಳಿಸಬೇಕು. ಲೊಕ್ಕನಹಳ್ಳಿಯ ಪುಟ್ಟಮಾದಮ್ಮ, ಒಂಟಿ ಹೆಂಗಸು, ತೆನೆ ಬಲಿಯುವಾಗ ಕೆಟ್ಟ ಪೆಟ್ಟಿಗೆಯನ್ನು ಹಾಗೆ ಕಳಿಸಿಕೊಟ್ಟಳು. ಪೆಟ್ಟಿಗೆ ವಾಪಸು ಬಂದಾಗ ಹೊಲದಲ್ಲಿ ಹಂದಿ ಬಿಟ್ಟುಹೋದ ಕೂಳೆ ಮಾತ್ರ ಇತ್ತು. ಆಕೆ ಆ ಪೆಟ್ಟಿಗೆಯನ್ನು ತಂದು ಕೆಂಪಾಜಮ್ಮನ ಮೇಜಿನ ಮೇಲೆ ಕುಕ್ಕಿ, "ಒಳಗ ಏನದ ಅಂತ ನೋಡಕ್ಕೂ ನಮ್ಗ ಬಿಡದಿಲ್ವಲ್ಲವ್ವ," ಎಂದು ಅತ್ತದ್ದನ್ನು ನಾನೇ ನೋಡಿದ್ದೇನೆ. ಆ ಕಂಪನಿಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಎರಡು ಸಾವಿರದ ಮೂರರ ಆಷಾಢದಲ್ಲಿ ಲೊಕ್ಕನಹಳ್ಳಿ, ರಾಮಾಪುರದ ಕಡೆಯ ರೈತರು ಬೇಲಿ ಸಂಘ ಕಟ್ಟಿಕೊಂಡರು. ಅಧ್ಯಕ್ಷ ಚಿಕ್ಕಮಾದಪ್ಪ ಬಂದು, ತೆನೆ ಕಟ್ಟುವುದರೊಳಗೆ ಅರವತ್ತು ಪೆಟ್ಟಿಗೆ ಬೇಕು, ನಿನ್ನಿಂದ ಆಗದಿದ್ದರೆ ಕಂಪನಿಗೆ ಹೇಳುತ್ತೇವೆ ಎಂದ. ಕಡ್ಡಿಯಲ್ಲಿ ಅರವತ್ತು ಬೋರ್ಡು ಬರೆಯುವಷ್ಟರಲ್ಲಿ ಸಂಕ್ರಾಂತಿ ಬರುತ್ತದೆ. ಮೈಸೂರಿನಲ್ಲಿ ಬೋರ್ಡು ಅಚ್ಚು ಹಾಕಿಕೊಡುವ ವರ್ಕ್‌ಶಾಪು ಇತ್ತು. ಆದರೆ ಅವರಿಗೆ ನಕ್ಷೆ ಕಂಪ್ಯೂಟರ್ ಫೈಲಿನಲ್ಲೇ ಬೇಕು.

ಸುದ್ದಿ ಹೇಗೆ ಹೋಯಿತೋ, ಕಂಪನಿಯ ಎಂಜಿನಿಯರ್ ಕಾರಿನಲ್ಲಿ ಬಂದಿಳಿದ. ಬಹಳ ಮರ್ಯಾದೆಯಿಂದಲೇ ಮಾತಾಡಿದ.

"ನಿಮ್ಮ ಸರ್ಕ್ಯೂಟ್ ಕೊಡಿ ಮೇಡಂ. ನಮ್ಮ ಸಾಫ್ಟ್‌ವೇರ್‌ನಲ್ಲಿ ನಾವೇ ಡ್ರಾ ಮಾಡ್ತೀವಿ, ಅಚ್ಚೂ ಹಾಕಿಸಿಕೊಡ್ತೀವಿ. ನೀವು ಜೋಡಿಸಿದರೆ ಸಾಕು."

"ಆಮೇಲ ಆ ಚಿತ್ರ ಯಾರ್ತಾವ ಇರ್ತದ ಸಾ?"

"ನಮ್ಮ ಹತ್ತಿರಾನೇ. ಅದು ನಮ್ಮ ಸಾಫ್ಟ್‌ವೇರ್‌ನಲ್ಲಿ ಮಾತ್ರ ಓಪನ್ ಆಗೋದು."

"ಅಂಗಂದ್ರ ನಂದು ನಂಗೇ ಸಿಕ್ಕದಿಲ್ಲ. ಬ್ಯಾಡ ಸಾ. ನಂದು ನಾನೇ ಬರ್ಕತೀನಿ."

"ಕಂಪ್ಯೂಟರ್ ಬರುತ್ತಾ ನಿಮಗೆ?"

"ಇನ್ನೂ ಬರದಿಲ್ಲ," ಎಂದಳು ಕೆಂಪಾಜಮ್ಮ. ಆ 'ಇನ್ನೂ' ಎಂಬ ಮಾತನ್ನು ಒತ್ತಿಯೇ ಹೇಳಿದಳು.

ಕಾರು ಹೋದ ಮೇಲೆ ಆಕೆ ಮೆಟ್ಟಿಲು ಹತ್ತಿ ನಮ್ಮಲ್ಲಿಗೆ ಬಂದಳು. ಕೇಳಿದ್ದು ಒಂದೇ ಪ್ರಶ್ನೆ: ಸರ್ಕ್ಯೂಟ್ ಚಿತ್ರವನ್ನೂ ಬೋರ್ಡಿನ ನಕ್ಷೆಯನ್ನೂ ಬರೆಯುವ ಸಾಫ್ಟ್‌ವೇರ್ ಯಾವುದು? ಗೊತ್ತಿಲ್ಲ ಎನ್ನಲು ನನ್ನ ಮಾನ ಅಡ್ಡ ಬಂತು. ಬೆಂಗಳೂರಿಗೆ ಹೋಗಿ ಫುಟ್‌ಪಾತಿನಿಂದ ಒಂದು ಸಿ.ಡಿ. ತಂದೆ. ಲಕ್ಷಾಂತರ ರೂಪಾಯಿಯ ಸಾಫ್ಟ್‌ವೇರು, ಬೀಗ ಮುರಿದದ್ದು.

"ದೊಡ್ಡ ಕಂಪನಿಗಳವರು ಬಳಸೋದು ಇದನ್ನೇ, ಎಲ್ಲಾ ಇದೆ ಇದರಲ್ಲಿ," ಎಂದು ಬೀಗಿದೆ.

"ಅವ್ರು ಕೊಂಡ್ಕಂಡು ಬಳಸ್ತಾರ. ಇದು ಕದ್ದಿದ್ದು. ನಾಳ ಅದೇ ಎಂಜಿನಿಯರ್ ಬಂದು ಇದು ನಿಂದಾ ಅಂದ್ರ ನಾ ಏನ್ ಏಳ್ಲಿ?"

"ಕೊಳ್ಳೇಗಾಲಕ್ಕೆ ಯಾರಮ್ಮ ಬಂದು ಕೇಳ್ತಾರೆ?"

"ಯಾರೂ ಕೇಳ್ದೇ ಇದ್ರೂ ಕದ್ದಿದ್ದು ಕದ್ದಿದ್ದೇ ಸಾ. ನನ್ ಬೇಲಿ ಕಳ್ಳ ಬೇಲಿ ಆಗದು ಬ್ಯಾಡ."

ಎರಡನೆಯದು ಇಂಟರ್ನೆಟ್ಟಿನಿಂದ ಒಂದು ಇಡೀ ಮಧ್ಯಾಹ್ನ ಇಳಿಸಿಕೊಂಡದ್ದು. ಪುಕ್ಕಟೆ, ಆದರೆ ಅಂಗೈಯಗಲದ ಬೋರ್ಡಿಗೆ ಮಾತ್ರ. ಅದಕ್ಕಿಂತ ದೊಡ್ಡದು ಬೇಕಾದರೆ ಕೊಂಡುಕೊಳ್ಳಬೇಕು. ಕೆಂಪಾಜಮ್ಮ ತನ್ನ ಬೋರ್ಡನ್ನು ಸ್ಕೇಲಿನಲ್ಲಿ ಅಳೆದಳು. ಅದು ಆ ಮಿತಿಗಿಂತ ಎರಡು ಬೆರಳು ಹೆಚ್ಚು ಉದ್ದವಿತ್ತು. ಒತ್ತರಿಸಿ ಬರೆಯಮ್ಮ ಎಂದೆ. "ಒಡೆತದ ತಂತಿ ಪಕ್ಕಕ್ಕೇ ಮಿಕ್ಕಿದ್ ತಂತಿ ತಂದ್ರ ಕಿಡಿ ಸಿಡೀತದ ಸಾ. ಜಾಗ ಬೇಕು ಅಂತಲೇ ಜಾಗ ಬಿಟ್ಟಿವ್ನಿ," ಎಂದು ನನ್ನನ್ನೇ ಗದರಿದಳು.

ಮೂರನೆಯದು ಪತ್ರಿಕೆಯೊಂದರ ಜೊತೆ ಬಂದ ಸಿ.ಡಿ.ಯಲ್ಲಿತ್ತು. ಎಲ್ಲೆಲ್ಲಿಯವರೋ ಸೇರಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು. ಅದು ನಡೆಯುವುದು ಲಿನಕ್ಸ್ ಎಂಬ ಬೇರೆಯೇ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ. ಅಂದರೆ ನನ್ನ ಎರಡು ಕಂಪ್ಯೂಟರುಗಳಲ್ಲಿ ಒಂದನ್ನು ಪೂರ್ತಿ ಅಳಿಸಿ ಹೊಸದಾಗಿ ತುಂಬಬೇಕು. ನಾನು ರೇಗಿದೆ. ಚೆಂದವಿಲ್ಲ, ಬಣ್ಣವಿಲ್ಲ, ಹೇಳಿಕೊಡುವವರು ಇಡೀ ಜಿಲ್ಲೆಯಲ್ಲಿಲ್ಲ, ನಿನ್ನ ಹಟಕ್ಕೆ ನನ್ನ ಸೆಂಟರ್ ಮುಳುಗಿಸಬೇಡ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಆಕೆ ಕೂತಲ್ಲಿಂದ ಏಳಲಿಲ್ಲ. ಹೊಲಿಗೆ ಕ್ಲಾಸಿಗೆ ಹೋಗು ಎಂದವರ ಎದುರೂ ಹೀಗೇ ಕೂತಿರಬೇಕು. ಕೊನೆಗೆ ಅಳಿಸಿಕೊಟ್ಟೆ.

ನಾಲ್ಕೈದು ದಿನ ಒದ್ದಾಡಿ ಒಂದು ಸಣ್ಣ ನಕ್ಷೆ ಬರೆದಳು. ಅದನ್ನು ಫ್ಲಾಪಿಗೆ ಹಾಕಿಸಿಕೊಂಡು, "ಇದು ಬ್ಯಾರೆ ಊರಲ್ಲೂ ತಗೀತದಾ ನೋಡ್ಬೇಕು," ಎಂದು ನನ್ನನ್ನೂ ಕರೆದುಕೊಂಡು ಯಳಂದೂರಿಗೆ ಹೊರಟಳು. ಅಲ್ಲಿ ನನ್ನ ಭಾವಮೈದುನನ ಜೆರಾಕ್ಸ್ ಅಂಗಡಿಯಲ್ಲಿ ಒಂದು ಕಂಪ್ಯೂಟರಿತ್ತು. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುವಾಗ ನಾನು ದಾರಿಯುದ್ದಕ್ಕೂ ಗೊಣಗಿದೆ, ಅಲ್ಲಿ ಆ ಸಾಫ್ಟ್‌ವೇರೇ ಇಲ್ಲ, ಏನು ತೆಗೆಯುತ್ತದೆ ಮಣ್ಣು ಎಂದು. ಫೈಲನ್ನು ಬರೀ ಅಕ್ಷರ ತೋರಿಸುವ ನೋಟ್‌ಪ್ಯಾಡಿನಲ್ಲಿ ತೆಗೆದೆವು. ಪರದೆಯ ತುಂಬ ಅಂಕಿಗಳು ಸಾಲಾಗಿ ನಿಂತಿದ್ದವು. ಕೆಂಪಾಜಮ್ಮ ಬೆರಳಿಟ್ಟು ಓದತೊಡಗಿದಳು. ಈ ಗೆರೆ ಇಲ್ಲಿಂದ ಇಲ್ಲಿಗೆ, ಇಷ್ಟು ದಪ್ಪ. ಈ ತೂತು ಇಲ್ಲಿ.

"ಇದಕ್ಕ ಅಂಟು ಸುರ್ದಿಲ್ಲ ಸಾ," ಎಂದಳು. "ಒಳಗ ಇರದು ಕಾಣ್ತದ. ಇದೇ ಸಾಕು."

ಆಯ್ಕೆ ಮುಗಿಯಿತು. ನಾನು ತಂದ ಸಿ.ಡಿ.ಯನ್ನು ನಾನೇ ಮುರಿದು ಹಾಕಿದೆ. ಆಕೆ ಮುರಿ ಎನ್ನಲಿಲ್ಲ, ನನಗೇ ನಾಚಿಕೆಯಾಯಿತು.

ಬೇಲಿ ಪೆಟ್ಟಿಗೆಯ ನಕ್ಷೆ ಬರೆಯಲು ಇಪ್ಪತ್ತು ದಿನ ಹಿಡಿಯಿತು. ಹೊಡೆತದ ಲೆಕ್ಕ ಇಡುವ ಎಂಟು ಕಾಲಿನ ಐಸಿ ಚಿಪ್‌ನ ಸಿದ್ಧ ಚಿತ್ರ ಸಾಫ್ಟ್‌ವೇರಿನಲ್ಲೇ ಇತ್ತು. ಅದು ತನ್ನ ಕಣ್ಣಿಗೆ ಎಡಬಲ ಅದಲುಬದಲಾಗಿ ಕಾಣುತ್ತದೆಂದು ಅದನ್ನು ತೆಗೆದು ಹಾಕಿ, ತಾನೇ ಎಂಟು ಚುಕ್ಕಿ ಇಟ್ಟಳು. ನನಗೂ ಏನೂ ಹೊಳೆಯಲಿಲ್ಲ. ಮೂಲೆಯಲ್ಲಿ ತಾಮ್ರದ ಗೆರೆಯಲ್ಲೇ 'ಕೆ' ಎಂದು ಬರೆದಳು. ಒಂದು ಸ್ಯಾಂಪಲ್ ಮಾಡಿಸಿ ನೋಡಲು ಸಮಯವಿರಲಿಲ್ಲ, ಅರವತ್ತನ್ನೂ ಒಟ್ಟಿಗೇ ಅಚ್ಚಿಗೆ ಕಳಿಸಿದೆವು.

ಗೌರಿ ಹಬ್ಬ ಕಳೆದ ವಾರ ಬೋರ್ಡು ಬಂದವು. ಹಸಿರು ಬಣ್ಣ, ಮಿರಮಿರ ಮಿಂಚು. ನಾನು ಒಂದನ್ನೆತ್ತಿ ತಾಮ್ರದ ಬದಿ ನೋಡಿದೆ. 'ಕೆ' ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇತ್ತು. ಸಾಫ್ಟ್‌ವೇರು ಬೋರ್ಡನ್ನು ಸಾಮಾನು ಕೂರುವ ಕಡೆಯಿಂದ ನೋಡುತ್ತದೆ, ತಾಮ್ರವನ್ನು ಹಲಗೆಯ ಮೂಲಕ ಕಂಡಂತೆ ತೋರಿಸುತ್ತದೆ. ಕೆಂಪಾಜಮ್ಮ ಹದಿನೆಂಟು ವರ್ಷದ ರೂಢಿಯಂತೆ ತಾಮ್ರದ ಕಡೆಯಿಂದ ಬರೆದಿದ್ದಳು. ಅರವತ್ತೂ ಬೋರ್ಡು ಎಡಬಲ ತಿರುಗಿಕೊಂಡಿದ್ದವು.

ಆಕೆ ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ. ಒಂದು ಬೋರ್ಡನ್ನೆತ್ತಿ ಅದರ ತೂತುಗಳನ್ನು ಎರಡೂ ಬದಿಯಿಂದ ಎಣಿಸತೊಡಗಿದಳು. ಚಿಕ್ಕಮಾದಪ್ಪನಿಗೆ ಹೇಳಿಬಿಡೋಣ, ಕಂಪನಿಯವರನ್ನೇ ಕರೆಯಲಿ ಎಂದೆ ನಾನು.

"ನೀವ್ ಸುಮ್ಕಿರಿ ಸಾ," ಎಂದಳು. "ಎರಡ್ ಕಾಲಿನ್ ಸಾಮಾನ್ಗ ಎಡ ಬಲ ಇಲ್ಲ. ಮೂರ್ ಕಾಲಿಂದ ತಿರುಗ್ಸಿ ಕೂರಿಸ್ಬೌದು. ಕಷ್ಟ ಇರದು ಎಂಟ್ ಕಾಲಿನ್ ಐಸಿಗ ಮಾತ್ರ. ಅದು ಅಲ್ಲಿಂದ ಬರಕ್ಕಾಗ್ದೇ ಇದ್ರ ಇಲ್ಲಿಂದ ಬತ್ತದ."

ಐಸಿಯನ್ನು ಸಾಮಾನಿನ ಬದಿಯಿಂದ ಚುಚ್ಚುವ ಬದಲು ತಾಮ್ರದ ಬದಿಯಿಂದಲೇ ಚುಚ್ಚಿದಳು. ಎಂಟೂ ಕಾಲು ಸರಿಯಾದ ಗೆರೆಯ ಮೇಲೆ ಬಂದವು. ಮೈಯನ್ನು ಸ್ವಲ್ಪ ಎತ್ತಿ ಹಿಡಿದು ಅದೇ ಬದಿಗೆ ಬೆಸುಗೆ ಹಾಕಿದಳು. ಬೋರ್ಡಿನ ಹೊಟ್ಟೆಗೆ ಕಪ್ಪು ಜಿರಳೆ ಅಂಟಿಕೊಂಡಂತೆ ಕಾಣುತ್ತಿತ್ತು. ಆದರೆ ಟಕ್, ಟಕ್ ಎಂದು ಸೆಕೆಂಡಿಗೊಮ್ಮೆ ಹೊಡೆಯಿತು. ಒಂದಾದ ಮೇಲೊಂದು, ಅರವತ್ತೂ ಹೊಡೆದವು.

ಪೆಟ್ಟಿಗೆಗಳನ್ನು ಒಪ್ಪಿಸುವ ದಿನ ಸಂಘದವರು ಪುಟ್ಟಮಾದಮ್ಮನ ಹೊಲದಲ್ಲಿ ಸೇರಿದ್ದರು. ರಾಗಿ ಆಗಷ್ಟೇ ತೆನೆ ಬಿಚ್ಚುತ್ತಿತ್ತು. ಹೋಲಿಸಿ ನೋಡಿಯೇ ಕೊಳ್ಳೋಣವೆಂದು ಚಿಕ್ಕಮಾದಪ್ಪ ಎರಡೂ ಕಡೆಯವರನ್ನು ಕರೆಸಿದ್ದ. ಎಂಜಿನಿಯರ್ ತನ್ನ ಕಂಪನಿಯ ಪೆಟ್ಟಿಗೆ ತಂದಿದ್ದ. ಕೆಂಪಾಜಮ್ಮ ಸ್ಕ್ರೂಡ್ರೈವರ್ ತೆಗೆದು ಎಲ್ಲರ ಎದುರು ತನ್ನ ಪೆಟ್ಟಿಗೆ ಬಿಚ್ಚಿದಳು. "ನಿಮ್ದೂ ಬಿಚ್ಚಿ ಸಾ," ಎಂದಳು. ಆತ ಬಿಚ್ಚಲಿಲ್ಲ. ಬದಲಿಗೆ ಆಕೆಯ ಬೋರ್ಡಿನೊಳಗೆ ಬಗ್ಗಿ ನೋಡಿ ನಕ್ಕ.

"ಐಸೀನ ಹಿಂಬದಿಗೆ ಹಾಕಿದ್ದೀರಲ್ಲ ಮೇಡಂ! ಬೋರ್ಡು ಮಿರರ್ ಆಗಿದೆ. ನಾನು ಅವತ್ತೇ ಹೇಳಿದ್ದೆ, ನಮಗೆ ಕೊಡಿ ಅಂತ. ಇದು ಕೆಲಸ ಮಾಡುತ್ತಾ?"

ಚಿಕ್ಕಮಾದಪ್ಪ ಕೆಂಪಾಜಮ್ಮನ ಮುಖ ನೋಡಿದ. ಆಕೆ ಪೆಟ್ಟಿಗೆಯ ತಂತಿಯನ್ನು ಬೇಲಿಗೆ ಸಿಕ್ಕಿಸಿ, ಸ್ವಿಚ್ ಒತ್ತಿ, ಪಕ್ಕಕ್ಕೆ ಸರಿದು ನಿಂತಳು.

"ಬೋರ್ಡ್ ತಪ್ಪಾಗದ, ದಿಟ. ತಪ್ ಮಾಡ್ದೋಳೂ ನಾನೇ, ಸರಿ ಮಾಡ್ದೋಳೂ ನಾನೇ. ಬೇಲಿ ಮುಟ್ಟಿ ನೋಡಿ ಸಾ."

ಎಂಜಿನಿಯರ್ ಕೈ ಜೇಬಿನಲ್ಲೇ ಇತ್ತು. ಊರಿನವರು ಬೇಲಿ ಪರೀಕ್ಷಿಸುವುದು ಹಸಿ ಹುಲ್ಲಿನ ಗರಿಯಿಂದ, ಹೊಡೆತ ಅಷ್ಟು ಜೋರಾಗಿ ತಾಗುವುದಿಲ್ಲ. ನಾನು ಹುಲ್ಲು ಹುಡುಕಲಿಲ್ಲ. ಈ ಹೆಂಗಸಿನ ಕೈಗೆ ಕದ್ದ ಸಿ.ಡಿ. ಕೊಡಲು ಹೋದವನು, ಕಂಪನಿಯನ್ನೇ ಕರೆಯೋಣ ಎಂದವನು ನಾನು. ಮುಂದೆ ಹೋಗಿ ಬರಿಗೈಯಲ್ಲೇ ಮುಟ್ಟಿದೆ. ಭುಜದವರೆಗೆ ಒದ್ದಂತಾಗಿ ಉಳುಮೆ ಸಾಲಿನಲ್ಲಿ ಕುಂಡಿ ಊರಿ ಕೂತೆ. ಜನ ಹೋ ಎಂದು ನಕ್ಕರು. ನಾನೂ ನಕ್ಕೆ, ಅಷ್ಟು ಸಂತೋಷವಾಗಿತ್ತು.

ಸಂಘದ ತೀರ್ಮಾನವನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಗಂಡಸರು ಕೆಂಪಾಜಮ್ಮನ ಪೆಟ್ಟಿಗೆಗಳನ್ನು ಹೆಗಲಿಗೇರಿಸತೊಡಗಿದರು. ಎಂಜಿನಿಯರ್ ಕಾರಿನತ್ತ ತಿರುಗಿದಾಗ ಆಕೆ ಬ್ಯಾಗಿನಿಂದ ಒಂದು ಫ್ಲಾಪಿ ತೆಗೆದು ಕರೆದಳು.

"ಚಿತ್ರ ಬೇಕಾಗಿತ್ತಲ್ವಾ ಸಾ, ತಕಳಿ. ತಿದ್ದಿದ್ದು ಅದರೊಳಗದ. ಯಾರ್ ಬೇಕಾದ್ರೂ ಮಾಡ್ಬೌದು. ಅಂಟು ಮಾತ್ರ ಸುರೀಬ್ಯಾಡಿ."

ಆತ ಕೈ ಚಾಚಲಿಲ್ಲ, ಕಾರು ಹತ್ತಿದ. ಗುಂಪಿನಿಂದ ಪುಟ್ಟಮಾದಮ್ಮ ಮುಂದೆ ಬಂದು ಆ ಫ್ಲಾಪಿ ಇಸಿದುಕೊಂಡು, ಸೀರೆಯ ಸೆರಗಿನಲ್ಲಿ ಸುತ್ತಿ ಗಂಟು ಹಾಕಿದಳು.

"ನಿನ್ ಮನಲಿ ಕಂಪ್ಯೂಟ್ರು ಎಲ್ಲದಮ್ಮಿ?" ಎಂದ ಚಿಕ್ಕಮಾದಪ್ಪ.

"ಇಲ್ಲ ಕನಣ್ಣ," ಎಂದಳು ಪುಟ್ಟಮಾದಮ್ಮ. "ಇರ್ಲಿ. ನಮ್ ಬೇಲಿದಲ್ವಾ?"